ಶಿಂಗಲ್ ಚಾವಣಿಗೆ ‘ಹಂಚು’ ಎನ್ನಬಹುದೇ? ಗಾಳಿಗೆ ಎದ್ದದ್ದಕ್ಕೆ ಯಾವ ಕ್ರಿಯಾಪದ?

ಮಾನ್ಯರೇ,

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಆರ್‌ಸಿಸಿ ಮಾಳಿಗೆಯ ಮೇಲೆ ಇನ್ನೊಂದು ಇಳಿಜಾರು ಚಾವಣಿ ಕಟ್ಟಿ, ಅದಕ್ಕೆ ಡಾಂಬರಿನ ಶಿಂಗಲ್ ಹೊದಿಸುವವರು ಅಲ್ಲೊಬ್ಬರು ಇಲ್ಲೊಬ್ಬರು ಕಾಣಸಿಗುತ್ತಾರೆ. ನನ್ನ ತಂಗಿಯ ಮನೆಯೂ ಅಂಥದ್ದೇ. ಈ ಸಲ ಭರಣಿ ಮಳೆಗೆ ಮುಂಚೆ ಎದ್ದ ಬಿರುಗಾಳಿಗೆ ಆ ಚಾವಣಿಯ ಪಡುವಣ ಅಂಚಿನಲ್ಲಿ ಹತ್ತಾರು ಶಿಂಗಲ್‌ಗಳು ಮೇಲೆದ್ದವು, ಮೂರು ಕಿತ್ತುಕೊಂಡು ಪಕ್ಕದ ಖಾಲಿ ಸೈಟಿಗೆ ಬಿದ್ದವು. ಕಟ್ಟಡ ಕೆಲಸದ ಸೂಚನೆಗಳನ್ನು ಕನ್ನಡಕ್ಕೆ ತರುವುದು ನನ್ನ ಉದ್ಯೋಗವಾದ್ದರಿಂದ, ದುರಸ್ತಿಗೆ ಬಂದ ಕೆಲಸಗಾರರ ಕೈಗೆ ಕೊಡಲೆಂದು ಒಂದು ಪುಟದ ಸೂಚನೆ ಬರೆಯಲು ಕುಳಿತೆ. ಮೊದಲ ವಾಕ್ಯದಲ್ಲೇ ನಿಂತುಬಿಟ್ಟೆ. ನಿಂತದ್ದೇಕೆ ಎಂಬುದನ್ನು ವಿವರಿಸಿ, ಬಲ್ಲವರ ಅಭಿಪ್ರಾಯ ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೂಲ ಪದದ ವಿಚಾರವನ್ನು ಬೇಗ ಮುಗಿಸುತ್ತೇನೆ. ಇಂಗ್ಲಿಷಿನಲ್ಲಿ ಶಿಂಗಲ್ ಎಂದರೆ ಮೊದಲಿಗೆ ಚಾವಣಿಗೆ ಹೊದಿಸುವ ಮರದ ಸೀಳು. ಲ್ಯಾಟಿನ್ನಿನ ‘ಸ್ಕಿಂದುಲ’ದಿಂದ ಬಂದದ್ದು. ಸರ್ಪಸುತ್ತು ಎಂಬ ಕಾಯಿಲೆಯ ಹೆಸರು ಉಚ್ಚಾರಣೆಯಲ್ಲಿ ಇದನ್ನೇ ಹೋಲುತ್ತದೆಯಾದರೂ ಅದರ ಬೇರು ‘ನಡುಪಟ್ಟಿ’ ಎಂಬ ಅರ್ಥದ ‘ಸಿಂಗುಲಂ’. ಈ ಎರಡಕ್ಕೂ ಸಂಬಂಧವಿಲ್ಲ. ಮರದ ಸೀಳಿಗೆ ನಮ್ಮ ಚನ್ನಗಿರಿ ಕಡೆ ‘ದಬ್ಬೆ’ ಎಂಬ ಒಳ್ಳೆಯ ಮಾತಿದೆ, ಆದರೆ ಅಡಿಕೆ ದಬ್ಬೆಯನ್ನು ಕಂಡವರಿಗೆ ಡಾಂಬರಿನ ಹಾಳೆಯನ್ನು ದಬ್ಬೆ ಎಂದರೆ ಒಪ್ಪಿಗೆಯಾಗದು. ಇಂದಿನ ಶಿಂಗಲ್ಲಿನಲ್ಲಿ ಮರವೇ ಇಲ್ಲ. ಗಾಜಿನ ನಾರಿನ ಹಾಳೆಗೆ ಡಾಂಬರು ಸವರಿ, ಮೇಲೆ ಬಣ್ಣದ ಕಲ್ಲಿನ ಹರಳುಪುಡಿ ಒತ್ತಿರುತ್ತಾರೆ. ಸಾಮಾನ್ಯ ಅಳತೆ 36 ಅಂಗುಲ ಉದ್ದ, 12 ಅಂಗುಲ ಅಗಲ. ಹೊದಿಸಿದ ಮೇಲೆ ಹೊರಗೆ ಕಾಣುವುದು ಅಗಲದಲ್ಲಿ ಸುಮಾರು 5 ಅಂಗುಲ ಮಾತ್ರ, ಉಳಿದದ್ದು ಮೇಲಿನ ಸಾಲಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಸಹಜವಾಗಿ ಎಲ್ಲರ ಬಾಯಿಗೂ ಬರುವುದು ‘ಹಂಚು’. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಪದಕ್ಕೆ ಚಾವಣಿಯ ಅರ್ಥ ಇನ್ನಷ್ಟು ಗಟ್ಟಿಯಾಯಿತು. ಅದರ ಜೊತೆಗೆ ನಾಡಹಂಚು, ಒಡೆದ ಮಡಕೆಯ ಚೂರು, ನಮ್ಮ ಕಡೆಯ ರೊಟ್ಟಿ ಹಂಚು ಎಲ್ಲವೂ ಅದೇ ಹೆಸರಿನಲ್ಲಿ ಬದುಕಿವೆ. ಹಂಚು ಎಂದರೆ ಸುಟ್ಟ ಮಣ್ಣು, ಆದ್ದರಿಂದ ಡಾಂಬರಿನ ಹಾಳೆಗೆ ಸಲ್ಲದು ಎಂದು ಯಾರಾದರೂ ವಾದಿಸಿದರೆ ಆ ವಾದವನ್ನು ನಾನು ಒಪ್ಪುವುದಿಲ್ಲ. ರೊಟ್ಟಿ ಹಂಚು ಮಣ್ಣಿನಿಂದ ಕಬ್ಬಿಣಕ್ಕೆ ಬದಲಾಯಿತು, ಹೆಸರು ಬದಲಾಗಲಿಲ್ಲ. ವಸ್ತು ಬದಲಾದರೂ ಅದನ್ನು ಬಳಸುವ ಕೈಯ ಅಭ್ಯಾಸ ಅದೇ ಆಗಿದ್ದರೆ ಹೆಸರು ಉಳಿಯುತ್ತದೆ. ಶಿಂಗಲ್ಲಿನ ವಿಷಯದಲ್ಲಿ ಬದಲಾಗಿರುವುದು ಆ ಕೈಯ ಅಭ್ಯಾಸವೇ, ಮತ್ತು ನನ್ನ ಆಕ್ಷೇಪಣೆ ಇರುವುದು ಅಲ್ಲಿ.

ಮಂಗಳೂರು ಹಂಚು ನಿಲ್ಲುವುದು ತನ್ನ ಭಾರದಿಂದ, ಮತ್ತು ಬೆನ್ನ ಕೆಳಗಿನ ಹಲ್ಲು ರೀಪಿಗೆ ಸಿಕ್ಕಿಕೊಳ್ಳುವುದರಿಂದ. ಗಾಳಿಗೆ ಸರಿದರೆ ಮತ್ತೆ ಸರಿಸಿ ಕೂರಿಸುತ್ತೇವೆ, ಒಡೆದರೆ ತೆಗೆದು ಬೇರೆಯದನ್ನು ಇಡುತ್ತೇವೆ, ಮಳೆಗಾಲಕ್ಕೆ ಮುಂಚೆ ಒಮ್ಮೆ ‘ಹಂಚು ಕೈಯಾಡಿಸುತ್ತೇವೆ’. ಅಂದರೆ ಹಂಚಿನ ಜೊತೆಗೆ ಬರುವ ಕ್ರಿಯಾಪದಗಳೆಲ್ಲ ಸರಿಸು, ಕೂರಿಸು, ಇಡು, ಕೈಯಾಡಿಸು ಎಂಬಂಥವು. ಶಿಂಗಲ್ಲಿಗೆ ಭಾರವಿಲ್ಲ, ಹಲ್ಲಿಲ್ಲ. ಅದನ್ನು ಹಿಡಿದಿಡುವುದು ಮೇಲ್ಭಾಗದ ನಾಲ್ಕು ಮೊಳೆ (ಗಾಳಿ ಹೆಚ್ಚಿರುವ ಕಡೆ ಆರು), ಮತ್ತು ಬಿಸಿಲಿಗೆ ಕರಗಿ ಮೇಲಿನ ಶಿಂಗಲ್ಲನ್ನು ಕೆಳಗಿನದಕ್ಕೆ ಬೆಸೆಯುವ ಅಂಟಿನ ಪಟ್ಟಿ. ಆ ಬೆಸುಗೆ ಒಮ್ಮೆ ಬಿಟ್ಟಿತೆಂದರೆ ಶಿಂಗಲ್ ಕಣ್ಣಿಗೆ ಮೊದಲಿನಂತೆಯೇ ಮಟ್ಟಸವಾಗಿ ಬಿದ್ದಿರುತ್ತದೆ, ಮುಂದಿನ ಗಾಳಿಗೆ ಮತ್ತೆ ಏಳುತ್ತದೆ.

ಇದು ನನಗೆ ಅರ್ಥವಾದದ್ದು ದುರಸ್ತಿಯ ವೇಳೆ. ಮೊದಲು ಬಂದಿದ್ದವರು, ಹಂಚಿನ ಕೆಲಸದಲ್ಲಿ ಪಳಗಿದವರು, ಎದ್ದಿದ್ದ ಶಿಂಗಲ್‌ಗಳನ್ನು ಅಂಗೈಯಿಂದ ಒತ್ತಿ ಮಟ್ಟಮಾಡಿ ಇಳಿದು ಹೋಗಿದ್ದರು. ಅವರನ್ನು ದೂರಲಾರೆ, ‘ಎದ್ದ ಹಂಚನ್ನು ಕೂರಿಸಿ’ ಎಂದು ನಾವೇ ಹೇಳಿದ್ದೆವು. ಮರುವಾರ ಬಂದ ಇನ್ನೊಬ್ಬ ಮೇಸ್ತ್ರಿ ಏಣಿ ಹತ್ತಿ, ಕರಣೆಯ ತುದಿಯನ್ನು ಒಂದು ಶಿಂಗಲ್ಲಿನ ಕೆಳಗೆ ಮೆಲ್ಲನೆ ತೂರಿಸಿದ. ಎಲ್ಲಿಯೂ ತಡೆಯದೆ ಅದು ಒಳಗೆ ಹೋಯಿತು. ಎತ್ತಿ ತೋರಿಸಿದ ಅಂಟುಪಟ್ಟಿಯ ಮೇಲೆ ಕೆಂಪು ಧೂಳು ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಬೆರಳಿಟ್ಟರೆ ಧೂಳು ಬಂತೇ ಹೊರತು ಜಿಗಟು ತಾಗಲಿಲ್ಲ. ಅವನು ಹೇಳಿದ ಮಾತು ಇಷ್ಟೇ: “ಕುಂತೈತ್ರಿ ಅಕ್ಕಾರ, ಆದ್ರೆ ಹಿಡ್ಕಂಡಿಲ್ಲ.”

ನಾನು ಹುಡುಕುತ್ತಿದ್ದ ವ್ಯತ್ಯಾಸವನ್ನು ಅವನು ಎರಡು ಕ್ರಿಯಾಪದಗಳಲ್ಲಿ ಮುಗಿಸಿದ್ದ. ಗಾರೆಯ ಕೆಲಸದಲ್ಲಿ ‘ಪ್ಲಾಸ್ಟರು ಹಿಡಿಯಿತು’, ‘ಬಣ್ಣ ಹಿಡಿಯಲಿಲ್ಲ’ ಎಂಬ ಮಾತುಗಳು ದಿನವೂ ನಡೆಯುವಂಥವು. ಆದ್ದರಿಂದ ಸೂಚನೆಯಲ್ಲಿ ‘ಶಿಂಗಲ್ ಕೂತಿದೆಯೇ ಎಂದು ನೋಡಬೇಡಿ, ಹಿಡಿದಿದೆಯೇ ಎಂದು ಪರೀಕ್ಷಿಸಿ’ ಎಂದು ಬರೆದಿದ್ದೇನೆ. ‘ಬಂಧ’, ‘ಅಂಟಿಕೆ’, ‘ಸಂಯೋಜನೆ’ ಎಂಬ ಪುಸ್ತಕದ ಪದಗಳಿಗಿಂತ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ನಾಮಪದ. ನಮ್ಮ ಚಾವಣಿಗಳಲ್ಲಿ ಶಿಂಗಲ್ಲಿಗೆ ಹತ್ತಿರದ ನೆಂಟ ಹಂಚಲ್ಲ, ಸೋಗೆ ಎಂದು ನನಗೆ ಕ್ರಮೇಣ ಅನ್ನಿಸಿದೆ. ಸೋಗೆಯನ್ನು ಸೂರಿನಿಂದ ಶುರುಮಾಡಿ ಮೇಲಕ್ಕೆ ಹೊದಿಸುತ್ತಾರೆ, ಪ್ರತಿ ಸಾಲೂ ಕೆಳಗಿನ ಸಾಲಿನ ಕಟ್ಟನ್ನು ಮುಚ್ಚುತ್ತದೆ, ಬಾಗುತ್ತದೆ, ಒಂದು ಕಡೆ ಹಾಳಾದರೆ ಮೇಲಿನ ಸಾಲನ್ನು ಎತ್ತಿ ಹೊಸದನ್ನು ಒಳಗೆ ತೂರಿಸಬೇಕಾಗುತ್ತದೆ. ಶಿಂಗಲ್ಲಿನ ದುರಸ್ತಿಯೂ ಅಕ್ಷರಶಃ ಹೀಗೆಯೇ. ಒಂದು ಶಿಂಗಲ್ಲಿನ ಮೇಲಂಚನ್ನು ಮೇಲಿನ ಸಾಲಿನ ಮೊಳೆಗಳೂ ಚುಚ್ಚಿ ಹಿಡಿದಿರುವುದರಿಂದ, ಒಂದನ್ನು ಬದಲಿಸಲು ಮೇಲಿನ ಎರಡು ಸಾಲುಗಳ ಅಂಟು ಬಿಡಿಸಿ, ಅದರದೇ ನಾಲ್ಕು ಮತ್ತು ಮೇಲಿನ ಸಾಲಿನ ನಾಲ್ಕು ಮೊಳೆಗಳನ್ನು ಕೀಳಬೇಕು. ಹೊಸದನ್ನು ತೂರಿಸಿ, ಮೊಳೆ ಹೊಡೆದು, ಬಿಡಿಸಿದ ಕಡೆಯೆಲ್ಲ ನಾಣ್ಯದಗಲ ಡಾಂಬರಿನ ಅಂಟು ಇಟ್ಟು ಒತ್ತಬೇಕು. ಈ ಕೆಲಸ ಬೆಳಗಿನ ತಂಪಿನಲ್ಲೇ ಆಗಬೇಕು. ನಮ್ಮ ಮೇ ತಿಂಗಳ ಮಧ್ಯಾಹ್ನದಲ್ಲಿ ಅಂಟು ಬಿಡಿಸಲು ಹೋದರೆ ಶಿಂಗಲ್ಲೇ ಹರಿಯುತ್ತದೆ, ಕಾಲಿಟ್ಟಲ್ಲಿ ಹರಳು ಉದುರುತ್ತದೆ.

ಸೋಗೆಯ ದಾರಿಯಲ್ಲಿ ಹೋದಾಗ ‘ಗರಿ’ ಸಿಕ್ಕಿತು. ಹೊಸದುರ್ಗದ ತೆಂಗಿನ ಗರಿಯೂ ಗರಿ, ಹಕ್ಕಿಯದೂ ಗರಿ. ಶಿಂಗಲ್ಲಿನ ಹೊರಗೆ ಕಾಣುವ, ಸೀಳುಗಳಿಂದ ಭಾಗವಾದ ಮೂರು ತುಂಡುಗಳಿಗೆ ‘ಗರಿ’ ಎನ್ನಬಹುದಲ್ಲವೇ? ಹಾಗೆಂದರೆ ಗಾಳಿಗೆ ಅವು ಏಳುವುದಕ್ಕೆ ‘ಗರಿಗೆದರು’ ಎಂಬ ಪದ ತಾನಾಗಿ ಒದಗುತ್ತದೆ: ‘ಅಂಚಿನ ಸಾಲು ಗರಿಗೆದರಿದೆ.’ ಕಣ್ಣಿಗೆ ಕಂಡದ್ದನ್ನು ಇಷ್ಟು ಸರಿಯಾಗಿ ಹೇಳುವ ಇನ್ನೊಂದು ಮಾತು ನನಗೆ ಹೊಳೆದಿಲ್ಲ. ಆದರೆ ಒಂದು ಅಳುಕಿದೆ. ಒಳ್ಳೆಯ ಮಳೆಯಾದ ಮರುದಿನ ಪತ್ರಿಕೆಗಳು ‘ಗರಿಗೆದರಿದ ಕೃಷಿ ಚಟುವಟಿಕೆ’ ಎಂದು ಬರೆಯುತ್ತವೆ. ಆಸೆ, ಕನಸು, ಉತ್ಸಾಹ ಎಲ್ಲವೂ ಅಲ್ಲಿ ಗರಿಗೆದರುತ್ತವೆ. ಶುಭದ ಬಣ್ಣ ಹತ್ತಿರುವ ಪದವನ್ನು ಹಾನಿಗೆ ಬಳಸಿದರೆ ಓದುವವರು ತಡವರಿಸುವರೇ?

‘ಗಾಳಿಹೊಡೆತ’ದ ಬಗ್ಗೆಯೂ ಒಂದು ಮಾತು. ನಾವು ಗಾಳಿ ‘ಹೊಡೆಯಿತು’ ಎನ್ನುತ್ತೇವೆ, ಆದರೆ ಚಾವಣಿಗೆ ಹೆಚ್ಚಿನ ಹಾನಿ ಆಗುವುದು ಹೊಡೆತದಿಂದಲ್ಲ. ಗಾಳಿ ಅಂಚು, ಮೂಲೆ, ನೆತ್ತಿಗಳನ್ನು ದಾಟುವಾಗ ಮೇಲ್ಮೈಯಲ್ಲಿ ಒತ್ತಡ ಕುಸಿದು, ಹೊದಿಕೆಯನ್ನು ಮೇಲಕ್ಕೆ ಸೆಳೆಯುತ್ತದೆ. ತಗಡಿನ ಮನೆಯವರಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಚಿತ್ರದುರ್ಗದ ಕಡೆ ತಗಡಿನ ಅಂಚಿಗೆ ಕಲ್ಲು ಹೇರುವುದು ಗಾಳಿಯನ್ನು ತಡೆಯಲಿಕ್ಕಲ್ಲ, ತಗಡು ಏಳದಿರಲಿಕ್ಕೆ. ಆದ್ದರಿಂದ ನಾನು ‘ಗಾಳಿಸೆಳೆತ’ ಎಂದು ಬರೆದಿದ್ದೇನೆ.

ಕೊನೆಯದಾಗಿ, ಪದವೇ ಸಿಗದೆ ಉಳಿದಿರುವ ಜಾಗ ಒಂದಿದೆ. ಎದ್ದ ಗರಿ ಹಿಂದಕ್ಕೆ ಮಡಚಿಕೊಂಡಾಗ ಅದರ ಬುಡದಲ್ಲಿ ಅಡ್ಡಕ್ಕೆ ಒಂದು ಗೆರೆ ಮೂಡುತ್ತದೆ. ಆ ಗೆರೆಯುದ್ದಕ್ಕೂ ಹರಳು ಉದುರಿ ಕಪ್ಪು ಕಾಣುತ್ತದೆ. ಆ ಗೆರೆ ಇದ್ದರೆ ಶಿಂಗಲ್ ಬದಲಿಸಲೇಬೇಕು, ಇಲ್ಲದಿದ್ದರೆ ಅಂಟು ಹಾಕಿದರೆ ಸಾಕು. ದುರಸ್ತಿಯ ಖರ್ಚೆಲ್ಲ ನಿಂತಿರುವುದು ಈ ಒಂದು ಗುರುತಿನ ಮೇಲೆ. ‘ಮಡಿಕೆ’ ಎಂದರೆ ಬಟ್ಟೆಯದು ನೆನಪಾಗುತ್ತದೆ, ಬಿಡಿಸಿದರೆ ಹೋಗುತ್ತದೆ ಎಂಬ ಭಾವನೆ ಬರುತ್ತದೆ. ‘ಬಿರುಕು’ ಎಂದರೆ ಆರಪಾರ ಸೀಳಿರಬೇಕು, ಇದು ಹಾಗಲ್ಲ. ಸದ್ಯಕ್ಕೆ ‘ಮುರಿಗೆರೆ’ ಎಂದು ಬರೆದು ಪಕ್ಕದಲ್ಲಿ ಚಿತ್ರ ಹಾಕಿದ್ದೇನೆ. ಚರ್ಮ, ತಗಡು, ಹಾಳೆ ಮಡಚಿ ಸತ್ವ ಕಳೆದುಕೊಂಡ ಜಾಗಕ್ಕೆ ಹರಿಹರ, ಜಗಳೂರು, ಹಿರಿಯೂರು ಕಡೆಯ ಕಸುಬುದಾರರು, ವಿಶೇಷವಾಗಿ ಚಪ್ಪಲಿ ಹೊಲೆಯುವವರು ಮತ್ತು ತಗಡಿನ ಕೆಲಸದವರು, ಏನೆನ್ನುತ್ತಾರೆ ಎಂಬುದನ್ನು ಕೇಳಿಬಲ್ಲವರು ದಯವಿಟ್ಟು ತಿಳಿಸಬೇಕು. ‘ಗರಿಗೆದರು’ ಬಗ್ಗೆಯೂ ನಿಮ್ಮ ಒಪ್ಪಿಗೆ ಅಥವಾ ಆಕ್ಷೇಪವನ್ನು ಕಾರಣಸಹಿತ ಬರೆಯಿರಿ. ಆರಿದ್ರಾ ಮಳೆಗೆ ಮುಂಚೆ ಮೇಸ್ತ್ರಿ ಉಳಿದ ಎರಡು ಸಾಲುಗಳನ್ನು ಕೈಗೆತ್ತಿಕೊಳ್ಳುತ್ತಾನೆ. ಅಷ್ಟರೊಳಗೆ ಸೂಚನೆಯನ್ನು ತಿದ್ದಿ ಅವನ ಕೈಗೆ ಕೊಡಬೇಕೆಂದಿದ್ದೇನೆ.