ಮೆದುಳಿನ ಸಣ್ಣ ರಕ್ತನಾಳದ ಕಾಯಿಲೆಯಲ್ಲಿ ‘ಉರಿಯೂತ’ ಅಂದರೆ ಏನು? ಅದಕ್ಕೆ ಮಾತ್ರೆ ಉಂಟಾ?

ಬದಿಯಡ್ಕ ಪಾಲಿಯೇಟಿವ್:
ಕಾಸರಗೋಡಿನ ಬದಿಯಡ್ಕ, ಎಣ್ಮಕಜೆ, ಕುಂಬ್ಡಾಜೆ ಕಡೆಯ ಆಶಾ ಕಾರ್ಯಕರ್ತೆಯರಿಗೆ ನಾಲ್ಕು ಪುಟದ ಕನ್ನಡ ಕೈಪಿಡಿಯೊಂದು ತಯಾರಾಗ್ತಾ ಉಂಟು. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿ ಬಂದ ವಯಸ್ಸಾದವರ ರಿಪೋರ್ಟಿನಲ್ಲಿ ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್, ಫಜೆಕಾಸ್ 2’ ಎಂಬ ಸಾಲು (ಸಣ್ಣ ನಾಳಗಳಲ್ಲಿ ರಕ್ತ ಸಾಲದೆ ಆದ ಬದಲಾವಣೆ, ಮಟ್ಟ 2) ಸಾಮಾನ್ಯ. ಅದನ್ನು ವಿವರಿಸುವ ಪುಟದಲ್ಲಿ ಇನ್‌ಫ್ಲಮೇಶನ್ ಬಗ್ಗೆ ಬರೆಯುವಲ್ಲಿಗೆ ಕೆಲಸ ನಿಂತಿದೆ. ಮಲಯಾಳ ಕರಡಿನಲ್ಲಿ ‘ನೀರ್‌ಕೆಟ್ಟ್’ ಅಂತ ಹಾಕಿದ್ದಾರೆ. ಆ ಶಬ್ದ ಕೇಳಿದ ಕೂಡಲೇ ಜನರಿಗೆ ನೆನಪಾಗುವುದು ಎಣ್ಣೆ ತಿಕ್ಕುವುದು, ಇಲ್ಲವೇ ನೋವಿನ ಮಾತ್ರೆ. ಕನ್ನಡದ ‘ಉರಿಯೂತ’ದ ಕಥೆಯೂ ಹೆಚ್ಚು ಕಡಿಮೆ ಅದೇ.

ಯಾವ ಶಬ್ದ ಹಾಕುವುದು? ಉರಿಯೂತ ಅಳೆಯುವ ರಕ್ತಪರೀಕ್ಷೆ ಸಿಆರ್‌ಪಿ ಮಾಡಿಸಿ ಅಂತ ಹೇಳಬೇಕಾ? ಉರಿಯೂತ ತಗ್ಗಿಸುವ ಮಾತ್ರೆ ಕೊಲ್ಚಿಸಿನ್, ಸ್ಟೀರಾಯ್ಡ್, ಅರಸಿನದ ಕ್ಯಾಪ್ಸೂಲ್ ಬಗ್ಗೆ ಕೇಳಿದರೆ ಏನು ಹೇಳುವುದು?

ಪಯಸ್ವಿನಿ:
‘ಉರಿಯೂತ’ವನ್ನೇ ಇಟ್ಟುಕೊಳ್ಳಿ. ಆದರೆ ಅದರ ಬೆನ್ನಿಗೇ ಬರೆಯಿರಿ: ಇಲ್ಲಿ ಉರಿಯೂ ಇಲ್ಲ, ಊತವೂ ಇಲ್ಲ, ನೋವೂ ಇಲ್ಲ. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಉರಿಯೂತ ಇದು.

ಮೆದುಳಿನ ಆಳಕ್ಕೆ ಇಳಿಯುವ ಈ ನಾಳಗಳು ಸುಮಾರು 0.05ರಿಂದ 0.2 ಮಿಲಿಮೀಟರ್ ದಪ್ಪದವು. ದೊಡ್ಡ ನಾಳದಿಂದ ನೇರವಾಗಿ ಕವಲೊಡೆಯುವುದರಿಂದ ಬಿಪಿಯ ಹೊಡೆತ ಪೂರ್ತಿಯಾಗಿ ಇವುಗಳ ಮೇಲೆ. ಪಕ್ಕದ ನಾಳದ ಜೊತೆ ಜೋಡಣೆಯೂ ಇಲ್ಲ, ಒಂದು ಮುಚ್ಚಿದರೆ ಅದರ ಪಾಲಿನ ಜಾಗ ಒಣಗಿತು. ಒಳಮೈಯ ಎಂಡೋಥೀಲಿಯಂ ಕೋಶಗಳು ಮೊದಲು ಸೋಲುತ್ತವೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ ನಾಳ ಬೇಕಾದಾಗ ಅಗಲವಾಗುವುದಿಲ್ಲ. ಮೈ ಅಂಟಂಟಾಗಿ ಬಿಳಿ ರಕ್ತಕಣ ಹಿಡಿದುಕೊಳ್ಳುತ್ತದೆ. ಕೋಶಗಳ ನಡುವಿನ ಬೆಸುಗೆ ಸಡಿಲಾಗಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಫೈಬ್ರಿನೋಜನ್ ಹೊರಗೆ ಸೋರುತ್ತದೆ. ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳಿಗೆ ಅದು ಪರಕೀಯ ವಸ್ತು. ಅವು ಕೆರಳಿ ಬಿಡುವ ಐಎಲ್-1 ಬೀಟಾ, ಟಿಎನ್‌ಎಫ್‌ನಂಥ ಸಂಕೇತಗಳು ಮತ್ತು ಎಂಎಂಪಿ-9 ಎಂಬ ಕಿಣ್ವ ನಾಳದ ತಳಪದರವನ್ನೇ ಕೊರೆಯುತ್ತವೆ. ಸೋರಿಕೆ ಇನ್ನೂ ಹೆಚ್ಚಾಗುತ್ತದೆ. ನರತಂತುಗಳ ಮಯಲಿನ್ ಹೊದಿಕೆ ರಿಪೇರಿ ಮಾಡಬೇಕಾದ ಎಳೆಯ ಕೋಶಗಳು ಈ ವಾತಾವರಣದಲ್ಲಿ ಬಲಿಯುವುದೇ ಇಲ್ಲ. ಎಂಆರ್‌ಐಯ ಫ್ಲೇರ್ ಎಂಬ ಚಿತ್ರದಲ್ಲಿ ಬೆಳ್ಳಗೆ ಕಾಣುವ ಕಲೆಗಳ ಹಿಂದೆ ಇದೆಲ್ಲ ಉಂಟು. ಅಲ್ಲಲ್ಲಿ ಚುಕ್ಕಿಯಾದರೆ ಫಜೆಕಾಸ್ 1, ಚುಕ್ಕಿಗಳು ಕೂಡಲು ಶುರುವಾದರೆ 2, ದೊಡ್ಡ ಹಾಳೆಯ ಹಾಗೆ ಹರಡಿದರೆ 3.

ಕೆಲವರು ಇದನ್ನು ತೋಟದ ಹಳೆಯ ಸ್ಪ್ರಿಂಕ್ಲರ್ ಪೈಪಿಗೆ ಹೋಲಿಸುತ್ತಾರೆ. ಅದು ಅರ್ಧ ಸರಿ. ತೋಟದಲ್ಲಿ ಪೈಪು ಸೋರಿದರೆ ಮಣ್ಣು ಸುಮ್ಮನೆ ಒದ್ದೆಯಾಗುತ್ತದೆ. ಇಲ್ಲಿ ಮಣ್ಣೇ ಎದ್ದು ಬಂದು ಪೈಪನ್ನು ಕಡಿಯುತ್ತದೆ.

ಒಂದು ಎಚ್ಚರಿಕೆ. ‘ಉರಿಯೂತದಿಂದ ಈ ಕಾಯಿಲೆ ಬರುತ್ತದೆ’ ಅಂತ ಬರೆಯಬೇಡಿ. 19ನೇ ವರ್ಣತಂತುವಿನ ನಾಚ್-3 ಜೀನ್ ಕೆಟ್ಟು ಬರುವ, ಕಡಾಸಿಲ್ ಎಂಬ ಈ ಕಾಯಿಲೆಯ ಆನುವಂಶಿಕ ರೂಪದಲ್ಲಿ ಮೊದಲು ಕೆಡುವುದು ನಾಳದ ಗೋಡೆಯ ಸ್ನಾಯು ಕೋಶ, ಉರಿಯೂತ ಆಮೇಲಿನ ಮಾತು. ಆದರೂ ಎಂಆರ್‌ಐ ನೋಡಿದರೆ ಅದೇ ಬಿಳಿ ಕಲೆ, ಅದೇ ಸಣ್ಣ ಕುಳಿ. ಹಾಗಾಗಿ ಬಿಪಿಯಿಂದ ಬರುವ ಸಾಮಾನ್ಯ ರೂಪದಲ್ಲೂ ಉರಿಯೂತ ಸರಪಳಿಯ ನಡುವಿನ ಕೊಂಡಿ ಆಗಿರಬಹುದು. ಮೊದಲ ಕೊಂಡಿ ಅದೇ ಅಂತ ಯಾರೂ ಸಾಧಿಸಿ ತೋರಿಸಿಲ್ಲ.

ಕುಂಬಳೆ ಲ್ಯಾಬ್:
ಸಿಆರ್‌ಪಿ ವಿಷಯ ನನಗೆ ಬಿಡಿ. ಇಲ್ಲಿನ ಸಣ್ಣ ಲ್ಯಾಬುಗಳಲ್ಲಿ ಹೆಚ್ಚಾಗಿ ಆಗುವುದು ಲ್ಯಾಟೆಕ್ಸ್ ಸ್ಲೈಡ್ ಪರೀಕ್ಷೆ. ಗಾಜಿನ ಮೇಲೆ ಒಂದು ಹನಿ ಸೀರಂ, ಒಂದು ಹನಿ ಲ್ಯಾಟೆಕ್ಸ್, ಎರಡು ನಿಮಿಷ ಅಲ್ಲಾಡಿಸಿ ಕಾಳು ಕಟ್ಟಿತಾ ಅಂತ ನೋಡುವುದು. ಲೀಟರಿಗೆ ಸುಮಾರು 6 ಮಿಲಿಗ್ರಾಂ ದಾಟಿದರೆ ಮಾತ್ರ ಪಾಸಿಟಿವ್. ರಕ್ತನಾಳದ ಲೆಕ್ಕಾಚಾರಕ್ಕೆ ಬೇಕಾದ್ದು 1ಕ್ಕಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು ಎಂಬ ಅಂತರ. ಅದಕ್ಕೆ ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ಎಚ್‌ಎಸ್-ಸಿಆರ್‌ಪಿಯೇ ಆಗಬೇಕು. ಸ್ಲೈಡಿನಲ್ಲಿ ‘ನೆಗೆಟಿವ್’ ಬಂದರೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗಲ್ಲ.

ಯೂನಿಟ್ ಮೊದಲು ನೋಡಿ. ಒಂದು ಲ್ಯಾಬ್ ಲೀಟರಿಗೆ ಮಿಲಿಗ್ರಾಂ ಬರೆದರೆ ಇನ್ನೊಂದು ಡೆಸಿಲೀಟರಿಗೆ ಬರೆಯುತ್ತದೆ. 0.6 ಮತ್ತು 6 ಒಂದೇ ಮೌಲ್ಯ. ಎರಡು ಕಾಗದ ಪಕ್ಕ ಪಕ್ಕ ಇಟ್ಟು ‘ಹತ್ತು ಪಟ್ಟು ಏರಿತು’ ಅಂತ ಹೆದರಿದವರು ಕಡಿಮೆಯಲ್ಲ. ಇನ್ನು ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ, ಕಾಲಿನ ಹುಣ್ಣು, ಹಲ್ಲಿನ ಕೀವು ಯಾವುದಿದ್ದರೂ ಸಿಆರ್‌ಪಿ ಏರುತ್ತದೆ. 10 ದಾಟಿದರೆ ಸೋಂಕು ಹುಡುಕಿ, ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಏನೇ ಬಂದರೂ ಆ ಸಂಖ್ಯೆ ಮೆದುಳಿನದ್ದಲ್ಲ, ಇಡೀ ಮೈಯದ್ದು.

ಬಿ12 ಕೊರತೆಯಲ್ಲಿ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಮಾಡಿಸುವುದಾದರೆ ಸ್ಯಾಂಪಲ್ ಮೇಲೆ ಕಣ್ಣಿಡಿ. ರಕ್ತ ತೆಗೆದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ಇಲ್ಲದಿದ್ದರೆ ಕೆಂಪು ಕಣಗಳೇ ಅದನ್ನು ಬಿಡುತ್ತಾ ಹೋಗುತ್ತವೆ. ಬೆಳಿಗ್ಗೆ ಎಳೆದ ಟ್ಯೂಬು ಹಾಗೆಯೇ ಬಸ್ಸಿನಲ್ಲಿ ಮಂಗಳೂರಿಗೆ ಹೋದರೆ ಇಲ್ಲದ ಹೋಮೋಸಿಸ್ಟೀನೂ ‘ಹೆಚ್ಚು’ ಬರುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ತೆಗೆದುಕೊಳ್ಳುವವರಲ್ಲಿ, ಅಪ್ಪಟ ಸಸ್ಯಾಹಾರಿಗಳಲ್ಲಿ ನೇರವಾಗಿ ಬಿ12 ನೋಡುವುದೇ ಲೇಸು.

ಬದಿಯಡ್ಕ ಪಾಲಿಯೇಟಿವ್:
ಉಪಕಾರ. ಮಂಡಿನೋವಿಗೆ ದಿನಾ ಡೈಕ್ಲೊಫೆನಾಕ್ ನುಂಗುವವರು ‘ಇದು ಹೇಗೂ ಉರಿಯೂತದ ಮಾತ್ರೆ, ತಲೆಗೂ ಒಳ್ಳೆಯದಲ್ವಾ’ ಅಂತ ಕೇಳಿಯೇ ಕೇಳುತ್ತಾರೆ.

ಮಧೂರು ಫಾರ್ಮಸಿ:
ಒಳ್ಳೆಯದಲ್ಲ, ತಿರುಗಿ ಕೆಡುಕು. ಡೈಕ್ಲೊಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್ ಇವೆಲ್ಲ ಮೂತ್ರಪಿಂಡದಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟನ್, ಎನಾಲಾಪ್ರಿಲ್‌ನಂಥ ಬಿಪಿ ಮಾತ್ರೆಗಳ ಕೆಲಸ ಕುಂದಿಸುತ್ತವೆ. ಇದರ ಮೇಲೆ ಮೂತ್ರದ ಮಾತ್ರೆಯೂ ಸೇರಿದರೆ ಕಿಡ್ನಿಗೆ ಮೂರು ಕಡೆಯ ಪೆಟ್ಟು. ಆಸ್ಪಿರಿನ್ ಜೊತೆಗಾದರೆ ಹೊಟ್ಟೆಯಲ್ಲಿ ರಕ್ತಸ್ರಾವ. ಬಿಪಿ ಮಾತ್ರೆ ‘ತಾಗುವುದಿಲ್ಲ’ ಅಂತ ಬಂದವರ ಚೀಲ ಮೊದಲು ಬಿಚ್ಚಿಸಿ ನೋಡಿ.

ಕೊಲ್ಚಿಸಿನ್ ಬಗ್ಗೆ 2024ರಲ್ಲಿ ಎರಡು ದೊಡ್ಡ ಔಷಧ ಪರೀಕ್ಷೆಗಳ ಫಲಿತಾಂಶ ಬಂತು. ಹೃದಯದಿಂದ ಹೋದ ರಕ್ತದ ಹೆಪ್ಪಿನಿಂದಲ್ಲದೆ ಬಂದ ಸ್ಟ್ರೋಕಿನ ರೋಗಿಗಳಿಗೆ ದಿನಕ್ಕೆ 0.5 ಮಿಲಿಗ್ರಾಂ ದೀರ್ಘಕಾಲ ಕೊಟ್ಟ ‘ಕನ್ವಿನ್ಸ್’ನಲ್ಲಿ ಮುಖ್ಯ ಗುರಿಯ ಮಟ್ಟಿಗೆ ಖಚಿತ ಲಾಭ ಸಿಗಲಿಲ್ಲ. ಚೀನಾದ ‘ಚಾನ್ಸ್-3’ ಎಚ್‌ಎಸ್-ಸಿಆರ್‌ಪಿ 2 ಅಥವಾ ಹೆಚ್ಚಿದ್ದ 8,343 ಮಂದಿಯನ್ನೇ ಆರಿಸಿಕೊಂಡಿತು. 90 ದಿನದಲ್ಲಿ ಮತ್ತೆ ಸ್ಟ್ರೋಕ್ ಆದವರು ಕೊಲ್ಚಿಸಿನ್ ಕಡೆ 6.3%, ಔಷಧಿಯಿಲ್ಲದ ಹುಸಿ ಮಾತ್ರೆಯ ಕಡೆ 6.5%. ಎರಡೂ ಸಣ್ಣ ನಾಳದ ಕಾಯಿಲೆಗೆಂದೇ ಮಾಡಿದ್ದಲ್ಲ, ಅದು ನೆನಪಿರಲಿ. ಅದಕ್ಕೆಂದೇ ಕೇಂಬ್ರಿಡ್ಜ್‌ನಲ್ಲಿ ಮೂರು ತಿಂಗಳು ಮಿನೋಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟು ಪೆಟ್ ಸ್ಕ್ಯಾನಿನಲ್ಲಿ ಮೈಕ್ರೋಗ್ಲಿಯಾ, ಎಂಆರ್‌ಐಯಲ್ಲಿ ಸೋರಿಕೆ ಅಳೆದು ನೋಡಿದರು. ಎರಡೂ ಇಳಿಯಲಿಲ್ಲ. ಕೊಲ್ಚಿಸಿನನ್ನು ಸ್ವಂತಕ್ಕೆ ನುಂಗುವವರಿಗೆ ಇನ್ನೊಂದು ಮಾತು: ಕಿಡ್ನಿ ಸೋತವರಲ್ಲಿ, ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ತೆಗೆದುಕೊಳ್ಳುವಾಗ ಅದು ವಿಷವಾಗಬಹುದು. ಮೊದಲ ಸೂಚನೆ ಭೇದಿ.

ಅರಸಿನ ಸಾರಿನಲ್ಲಿ ಎಷ್ಟು ಬೇಕಾದರೂ ಇರಲಿ. ಕ್ಯಾಪ್ಸೂಲ್ ಬೇರೆ ವಸ್ತು. ಅರಸಿನದಲ್ಲಿರುವ ಕುರ್ಕುಮಿನ್ ಸುಲಭಕ್ಕೆ ರಕ್ತ ಸೇರುವುದಿಲ್ಲ ಅಂತ ಕಾಳುಮೆಣಸಿನ ಪಿಪೆರಿನ್ ಬೆರೆಸುತ್ತಾರೆ. ಆ ಪಿಪೆರಿನ್ ಬೇರೆ ಔಷಧಿಗಳ ಮಟ್ಟವನ್ನೂ ಏರಿಸಬಲ್ಲದು. ಇಂಥ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ.

ಪಯಸ್ವಿನಿ:
ಸ್ಟೀರಾಯ್ಡ್ ಬಗ್ಗೆ ಮಾತ್ರ ‘ಇಲ್ಲ’ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಸಾಮಾನ್ಯ ರೂಪಕ್ಕೆ ಅದು ಬೇಡ, ಬಿಪಿ, ಸಕ್ಕರೆ ಎರಡನ್ನೂ ಏರಿಸುತ್ತದೆ. ಆದರೆ ಉರಿಯೂತವೇ ಮುಖ್ಯ ಕಾಯಿಲೆಯಾಗಿರುವ ಕೆಲವು ರೂಪಗಳುಂಟು. ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಕೂತು ಅದರ ಮೇಲೆ ರೋಗನಿರೋಧಕ ವ್ಯವಸ್ಥೆ ಏರಿ ಹೋಗುವುದು ಒಂದು, ನಾಳದ ಗೋಡೆಯೇ ಉರಿಯೂತಗೊಳ್ಳುವ ವ್ಯಾಸ್ಕ್ಯುಲೈಟಿಸ್ ಇನ್ನೊಂದು. ಮೊದಲನೆಯದರಲ್ಲಿ ಎಂಆರ್‌ಐಯ ಬಿಳಿ ಕಲೆ ಎರಡೂ ಬದಿ ಸಮನಾಗಿರದೆ ಒಂದು ಕಡೆ ಹೆಚ್ಚು, ರಕ್ತಸ್ರಾವದ ಗುರುತು ತೋರಿಸುವ ಎಸ್‌ಡಬ್ಲ್ಯೂಐ ಎಂಬ ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಹೊರ ಅಂಚಿನ ಬಳಿ ಕಪ್ಪು ಚುಕ್ಕಿಗಳು. ಅದಕ್ಕೆ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 1 ಗ್ರಾಂ, 3ರಿಂದ 5 ದಿನ ರಕ್ತನಾಳಕ್ಕೆ ಕೊಟ್ಟರೆ ಬಹುಮಂದಿ ಸುಧಾರಿಸುತ್ತಾರೆ. ಕೊಡುವ ಮೊದಲು ಕ್ಷಯ, ಸಿಫಿಲಿಸ್, ಎಚ್‌ಐವಿ ಇಲ್ಲ ಅಂತ ಖಾತ್ರಿಯಾಗಬೇಕು.

ಆಶಾ ಕಾರ್ಯಕರ್ತೆಗೆ ಇದೆಲ್ಲ ಬೇಡ, ವ್ಯತ್ಯಾಸ ಗೊತ್ತಾದರೆ ಸಾಕು. ಸಾಮಾನ್ಯ ರೂಪ ವರ್ಷಗಟ್ಟಲೆ ಮೆಲ್ಲ ಬರುತ್ತದೆ: ಕಾಲೆಳೆದು ಸಣ್ಣ ಹೆಜ್ಜೆ, ಮೂತ್ರಕ್ಕೆ ಅವಸರ, ಮಾತಿಗೆ ಉತ್ತರ ತಡ, ಯಾವುದರಲ್ಲೂ ಆಸಕ್ತಿ ಇಲ್ಲ. ವಾರಗಳಲ್ಲಿ ಬುದ್ಧಿ ಮಂಕಾದರೆ, ಹೊಸ ತಲೆನೋವು, ಅಪಸ್ಮಾರ, ಜ್ವರ, ತೂಕ ಇಳಿಯುವುದು ಇದ್ದರೆ, ಅಥವಾ ವಯಸ್ಸು 50 ದಾಟಿಲ್ಲದಿದ್ದರೆ ‘ವಯಸ್ಸಿನದ್ದು’ ಅಂತ ಬಿಡದೆ ನರರೋಗ ತಜ್ಞರಲ್ಲಿಗೆ ಕಳಿಸಿ. ಮುಖ ಸೊಟ್ಟ, ಕೈ ಸೋಲು ಬಂದರೆ ಆ ಗಂಟೆಯೇ ಆಸ್ಪತ್ರೆ.

ಎಂಆರ್‌ಐ ಬರೆಯುವಾಗ ಎಸ್‌ಡಬ್ಲ್ಯೂಐ ಕೇಳಿ ಮಾಡಿಸಿ. ಮಾಮೂಲಿ ಚಿತ್ರಗಳಲ್ಲಿ ಹಳೆಯ ಸಣ್ಣ ರಕ್ತಸ್ರಾವಗಳು ಹೆಚ್ಚಾಗಿ ಕಾಣುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ವರ್ಷಗಟ್ಟಲೆ ನುಂಗುತ್ತಾ ಇರುವವರನ್ನು ಕಂಡರೆ ವೈದ್ಯರ ಗಮನಕ್ಕೆ ತನ್ನಿ. ಸಣ್ಣ ನಾಳದ ಸ್ಟ್ರೋಕ್ ಆದವರ ಮೇಲೆ ನಡೆದ ಎಸ್‌ಪಿಎಸ್-3 ಎಂಬ ಔಷಧ ಪರೀಕ್ಷೆಯಲ್ಲಿ ಈ ಜೋಡಿಯಿಂದ ಸ್ಟ್ರೋಕ್ ಕಡಿಮೆಯಾಗಲಿಲ್ಲ, ರಕ್ತಸ್ರಾವ, ಸಾವು ಹೆಚ್ಚಾದವು. ಸ್ಟೆಂಟ್ ಹಾಕಿಸಿಕೊಂಡವರ ಕಾರಣ ಬೇರೆ ಇರುತ್ತದೆ, ನೀವೇ ನಿಲ್ಲಿಸಲು ಹೋಗಬೇಡಿ.

ಆದೂರು ಸಿಸ್ಟರ್:
ಕೈಪಿಡಿಯ ಅರ್ಧಭಾಗ ಬಿಪಿಗೇ ಕೊಡಿ. ನಾಳದ ಒಳಮೈಗೆ ಬೀಳುವ ಹೊಡೆತ ನಿಲ್ಲಿಸದೆ ಉರಿಯೂತ ಆರಿಸುವ ಮಾತೇ ಇಲ್ಲ. ಬಿಪಿ ಗುರಿಗಳನ್ನು ಹೋಲಿಸಿದ ಸ್ಪ್ರಿಂಟ್ ಎಂಬ ಅಧ್ಯಯನದಲ್ಲಿ ಮೇಲಿನ ಬಿಪಿ 120ಕ್ಕಿಂತ ಕೆಳಗಿಡಲು ನೋಡಿದವರಲ್ಲಿ ಸುಮಾರು 4 ವರ್ಷದಲ್ಲಿ ಬಿಳಿ ಕಲೆ ಬೆಳೆದದ್ದು 0.92 ಘನ ಸೆಂಟಿಮೀಟರ್, 140ರ ಗುರಿಯವರಲ್ಲಿ 1.45. ಸ್ಟ್ರೋಕ್ ಆದವರಿಗೆ ಸಾಮಾನ್ಯ ಗುರಿ 130/80ಕ್ಕಿಂತ ಕೆಳಗೆ.

ಅಳತೆ ತಪ್ಪುವುದು ಹೆಚ್ಚಾಗಿ ಮೂರು ಕಡೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಹೆಚ್ಚು ತೋರಿಸುತ್ತದೆ. ಜಗಲಿ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೂ ಹೆಚ್ಚು. ಅಳೆಯುವಾಗ ಮಾತಾಡಿದರೂ ಅಷ್ಟೇ. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟದಲ್ಲಿಟ್ಟು 5 ನಿಮಿಷ ಸುಮ್ಮನೆ ಕೂತ ಮೇಲೆ ಎರಡು ಸಲ, ನಡುವೆ 1 ನಿಮಿಷ. ಬೆಳಿಗ್ಗೆ ಮಾತ್ರೆಗೆ ಮೊದಲು, ರಾತ್ರಿ ಮಲಗುವ ಮೊದಲು, 7 ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಈ ಕಾಯಿಲೆಯವರು ಬೀಳುವುದು ಜಾಸ್ತಿ, ಹಾಗಾಗಿ ಎದ್ದು ನಿಂತು 1 ಮತ್ತು 3 ನಿಮಿಷಕ್ಕೂ ನೋಡಿ. ಮೇಲಿನದ್ದು 20 ಅಥವಾ ಕೆಳಗಿನದ್ದು 10 ಇಳಿದರೆ ಮಾತ್ರೆ ಏರಿಸುವ ಮೊದಲು ವೈದ್ಯರಿಗೆ ತಿಳಿಸಿ.

ಉಪ್ಪಿನ ಪಾಲೂ ಉಂಟು, ಬಿಪಿಯ ಮೂಲಕ ಮಾತ್ರ ಅಲ್ಲ. ಇಲಿಗಳಿಗೆ ಅತಿ ಉಪ್ಪಿನ ಆಹಾರ ಕೊಟ್ಟಾಗ ಬಿಪಿ ಏರದೆಯೇ ಕರುಳಿನಲ್ಲಿ ಐಎಲ್-17 ಎಂಬ ಉರಿಯೂತದ ಸಂಕೇತ ಹೆಚ್ಚಾಗಿ ಮೆದುಳಿನ ನಾಳಗಳ ನೈಟ್ರಿಕ್ ಆಕ್ಸೈಡ್ ಕುಗ್ಗಿತು, ರಕ್ತ ಹರಿವು ಇಳಿಯಿತು. ಮನುಷ್ಯರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು, ಅವು ತಿಂದ ಉಪ್ಪು ಮಾಮೂಲಿಗಿಂತ ಹಲವು ಪಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚ. ಮಳೆಗಾಲದ ಆಟಿ ತಿಂಗಳಲ್ಲಿ ಗಂಜಿ, ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಪಲ್ಯ, ಉಪ್ಪಿನಲ್ಲಿಟ್ಟ ಮಾವಿನಕಾಯಿ, ಒಣಮೀನು, ಹಪ್ಪಳ ಇದ್ದರೆ ಅದು ಮಧ್ಯಾಹ್ನಕ್ಕೇ ಮುಗಿಯಿತು. ಸೊಳೆ ಹಿಂದಿನ ರಾತ್ರಿಯೇ ನೀರಿಗೆ ಹಾಕಿ ಎರಡು ಸಲ ನೀರು ಬದಲಿಸಲಿ, ಗಂಜಿಗೆ ಬೇರೆ ಉಪ್ಪು ಬೇಡ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟನ್‌ನಂಥ ಮಾತ್ರೆಯವರು ಕೇಳದೆ ಬಳಸಬಾರದು. ಬೀಡಿ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಎರಡನ್ನೂ ಹೆಸರು ಹಿಡಿದೇ ಕೇಳಿ. ‘ಸಿಗರೇಟ್ ಇಲ್ಲ’ ಅಂದವರ ಬಾಯಿ ಕೆಂಪಗಿರುವುದುಂಟು.

ಬದಿಯಡ್ಕ ಪಾಲಿಯೇಟಿವ್:
ಹೀಗೆ ಬರೆದರೆ ಸರಿಯಾ? ‘ಬಿಪಿ, ಸಕ್ಕರೆ, ಹೊಗೆಸೊಪ್ಪಿನಿಂದ ಮೆದುಳಿನ ಸಣ್ಣ ನಾಳಗಳು ಸೋರುತ್ತವೆ. ಸೋರಿದಲ್ಲಿ ನೋವಿಲ್ಲದ ಉರಿಯೂತ ಎದ್ದು ಹಾನಿಗೆ ಕಾರಣವಾಗುತ್ತದೆ. ಇದಕ್ಕೆ ನೋವಿನ ಮಾತ್ರೆ ಮದ್ದಲ್ಲ.’

ಪಯಸ್ವಿನಿ:
‘ಹಾನಿಗೆ ಕಾರಣವಾಗುತ್ತದೆ’ ತೆಗೆದು ‘ಹಾನಿ ಹೆಚ್ಚಿಸುತ್ತದೆ’ ಅಂತ ಮಾಡಿ. ಸಾಲಿಗೆ ‘ವಯಸ್ಸು’ ಕೂಡ ಸೇರಿಸಿ, ಇಲ್ಲದಿದ್ದರೆ ಬಿಪಿ ಸರಿ ಇಟ್ಟುಕೊಂಡ 80ರ ಅಜ್ಜಿ ತಪ್ಪು ತನ್ನದೇ ಅಂದುಕೊಳ್ಳುತ್ತಾರೆ. ಉಳಿದದ್ದು ಹಾಗೆಯೇ ಇರಲಿ.