ಶಾಫ್ಟ್ ಬದಲಾಯಿತು, ಸ್ವಿಂಗೂ ಬದಲಾಗಬೇಕೇ?

ಪ್ರಶ್ನೆ: ನನ್ನ ಗಾಲ್ಫ್ ಐರನ್‌ಗಳಲ್ಲಿ (ಲೋಹದ ಚಪ್ಪಟೆ ಹೆಡ್‌ನ ಕ್ಲಬ್‌ಗಳು) 120 ಗ್ರಾಂನ ಸ್ಟಿಫ್ (ಗಡುಸು) ಸ್ಟೀಲ್ ಶಾಫ್ಟ್ (ಕ್ಲಬ್‌ನ ಕೋಲು) ಇತ್ತು. ಅದನ್ನು ತೆಗೆಸಿ 80 ಗ್ರಾಂನ ರೆಗ್ಯುಲರ್ (ಅದಕ್ಕಿಂತ ಮೆದು) ಗ್ರಾಫೈಟ್ ಹಾಕಿಸಿದ್ದೇನೆ. ಹೆಡ್‌ಗಳು ಹಳೆಯವೇ, ಗ್ರಿಪ್ ಹೊಸದು, ಬಲಗೈ ಆಟ. ಈಗ ಚೆಂಡು ಮೊದಲಿಗಿಂತ ಎತ್ತರಕ್ಕೆ ಹೋಗಿ ಎಡಕ್ಕೆ ಬೀಳುತ್ತಿದೆ, ಪೆಟ್ಟು ಹೆಡ್‌ನ ಹೀಲ್ (ಶಾಫ್ಟ್ ಸೇರುವ ಬದಿ) ಕಡೆಗೆ ಸರಿದಿದೆ. ಸ್ವಿಂಗ್‌ನಲ್ಲಿ ಏನು ತಿದ್ದಬೇಕು? ಶಾಫ್ಟ್ ಬದಲಿಸಿ ಹೊಂದಿಕೊಂಡವರು, ಕ್ಲಬ್ ಕಟ್ಟುವ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಸ್ವಿಂಗ್ ಮುಟ್ಟುವ ಮೊದಲು ಅಳತೆಪಟ್ಟಿ ತೆಗೆದುಕೊಳ್ಳಿ. 7 ಐರನ್ ಅನ್ನು ಚೆಂಡಿಗೆ ನಿಲ್ಲಿಸುವ ಹಾಗೆಯೇ ನೆಲಕ್ಕೆ ಇಟ್ಟು, ಹೀಲ್‌ನ ಹಿಂದೆ ನೆಲದಿಂದ ಗ್ರಿಪ್‌ನ ತುದಿಯವರೆಗೆ ಶಾಫ್ಟ್‌ಗುಂಟ ಅಳೆಯಿರಿ. ಸ್ಟೀಲ್ 7 ಐರನ್ ಸಾಮಾನ್ಯವಾಗಿ 37 ಇಂಚಿನ ಆಸುಪಾಸು ಇರುತ್ತದೆ. ನಿಮ್ಮದು 37.5 ಬಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಹೀಗಾಗಲು ಕಾರಣ ಇದೆ. ಶಾಫ್ಟ್‌ನ ತೂಕ ಸುಮಾರು 9 ಗ್ರಾಂ ಇಳಿದರೆ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತದೆ ಎಂಬ ಅಳತೆ) ಒಂದು ಪಾಯಿಂಟ್ ಇಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ 40 ಗ್ರಾಂ, ಅಂದರೆ ನಾಲ್ಕೂವರೆ ಪಾಯಿಂಟ್. D2 ಇದ್ದದ್ದು C7, C8ಕ್ಕೆ ಬಂದು ನಿಲ್ಲುತ್ತದೆ (ಈ ಮಾಪನದಲ್ಲಿ C9 ಆದ ಮೇಲೆ D0). ಅದನ್ನು ಸರಿದೂಗಿಸಲು ಶಾಫ್ಟ್ ಅನ್ನು ಅರ್ಧ ಇಂಚು ಉದ್ದ ಬಿಟ್ಟು ಕತ್ತರಿಸುವ ರೂಢಿ ಇದೆ, ಅರ್ಧ ಇಂಚಿಗೆ 3 ಪಾಯಿಂಟ್ ಏರುತ್ತದೆ. ಮಾಪನದಲ್ಲಿ ಎಲ್ಲ ಸರಿ ಕಾಣುತ್ತದೆ, ಆದರೆ ಉದ್ದವಾದ ಕ್ಲಬ್ ಹಿಡಿದು ಹಳೆಯ ಜಾಗದಲ್ಲೇ ನಿಂತರೆ ಪೆಟ್ಟು ಹೀಲ್‌ಗೇ ಬೀಳುತ್ತದೆ. ಜೊತೆಗೆ ಅರ್ಧ ಇಂಚು ಉದ್ದಕ್ಕೆ ಲೈ ಆಂಗಲ್ (ನೆಲಕ್ಕೂ ಶಾಫ್ಟ್‌ಗೂ ನಡುವಿನ ಕೋನ) ಸುಮಾರು 1 ಡಿಗ್ರಿ ಅಪ್‌ರೈಟ್ (ಹೆಚ್ಚು ನೆಟ್ಟಗೆ) ಆದಂತೆ ವರ್ತಿಸುತ್ತದೆ. ಅಪ್‌ರೈಟ್ ಕ್ಲಬ್‌ನ ಮುಖ ಎಡಕ್ಕೆ ನೋಡುತ್ತದೆ, ಲಾಫ್ಟ್ (ಮುಖದ ಓರೆ) ಹೆಚ್ಚಿದಷ್ಟೂ ಇನ್ನೂ ಎಡಕ್ಕೆ. ನಿಮ್ಮ ವೆಜ್ (ಅತಿ ಹೆಚ್ಚು ಲಾಫ್ಟ್‌ನ ಗಿಡ್ಡ ಕ್ಲಬ್), 9 ಐರನ್‌ಗಳು 5 ಐರನ್‌ಗಿಂತ ಹೆಚ್ಚು ಎಡಕ್ಕೆ ಹೋಗುತ್ತಿದ್ದರೆ ಸಂಶಯ ಲೈ ಮೇಲೆಯೇ.

ಪರೀಕ್ಷೆ ಸುಲಭ. ಚೆಂಡಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಕ್ಲಬ್ ಮುಖದ ಕಡೆ ಇರುವಂತೆ ಚೆಂಡನ್ನಿಟ್ಟು ಹೊಡೆಯಿರಿ. ಮುಖದ ಮೇಲೆ ಮೂಡಿದ ಗೆರೆಯ ಮೇಲ್ತುದಿ ಟೋ (ಹೀಲ್‌ನ ಎದುರು ತುದಿ) ಕಡೆ ವಾಲಿದ್ದರೆ ಕ್ಲಬ್ ಅಪ್‌ರೈಟ್, ಹೀಲ್ ಕಡೆ ವಾಲಿದ್ದರೆ ಫ್ಲ್ಯಾಟ್. ಒಂದೇ ಗುರುತು ನಂಬಬೇಡಿ, ಐದಾರು ನೋಡಿ.

ಆಮೇಲೆ ಗ್ರಿಪ್ ಅನ್ನು ಅರ್ಧ ಇಂಚು ಕೆಳಗೆ ಹಿಡಿದು ಹತ್ತು ಚೆಂಡು. ಹೀಲ್ ಪೆಟ್ಟೂ ಎಡವೂ ಒಟ್ಟಿಗೆ ಮಾಯವಾದರೆ ಸ್ವಿಂಗ್ ತಿದ್ದುವ ಮಾತೇ ಬೇಡ, ಕ್ಲಬ್ ಕತ್ತರಿಸಿಕೊಳ್ಳಿ ಅಥವಾ ಲೈ ಬಗ್ಗಿಸಿಕೊಳ್ಳಿ. ಫೋರ್ಜ್ಡ್ (ಬಡಿದು ಮಾಡಿದ) ಹೆಡ್‌ಗಳು ಸುಲಭವಾಗಿ ಬಾಗುತ್ತವೆ. ಎರಕದ ಹೆಡ್ ಆದರೆ 2 ಡಿಗ್ರಿ ಮೀರುವ ಮೊದಲು ಕೆಲಸ ಗೊತ್ತಿದ್ದವರನ್ನು ಕೇಳಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಎತ್ತರ ಹೋಗುವುದಕ್ಕೆ ಉದ್ದವೊಂದೇ ಕಾರಣವಲ್ಲ. ಹೆಡ್‌ನ ಭಾರಕೇಂದ್ರ ಶಾಫ್ಟ್‌ನ ನೇರದಲ್ಲಿಲ್ಲ, ಹಿಂದಕ್ಕೆ ಸರಿದಿರುತ್ತದೆ. ಹಾಗಾಗಿ ಚೆಂಡಿಗೆ ತಗಲುವ ಹೊತ್ತಿಗೆ ಶಾಫ್ಟ್‌ನ ತುದಿ ಮುಂದಕ್ಕೆ ಬಾಗಿರುತ್ತದೆ. ಮೆದು ಶಾಫ್ಟ್ ಹೆಚ್ಚು ಬಾಗಿ ಲಾಫ್ಟ್ ಸ್ವಲ್ಪ ಏರಿಸುತ್ತದೆ, ಮುಖವನ್ನು ಸ್ವಲ್ಪ ಮುಚ್ಚುತ್ತದೆ. ಎತ್ತರ ಮತ್ತು ಎಡ ಎರಡಕ್ಕೂ ಇದರ ಪಾಲು ಇದೆ, ಆದರೆ ಸಣ್ಣ ಪಾಲು.

ದೊಡ್ಡ ಪಾಲು ಟೆಂಪೋದ್ದು, ಅಂದರೆ ಸ್ವಿಂಗ್‌ನ ಲಯದ್ದು. ತುಂಬಿದ ಕೊಡ ಎತ್ತಿ ರೂಢಿಯಾದ ಕೈಗೆ ಖಾಲಿ ಕೊಡ ಕೊಟ್ಟರೆ ಅದು ಥಟ್ಟನೆ ಮೇಲೇಳುತ್ತದಲ್ಲ, ಹಾಗೆ. ಹಗುರ ಕ್ಲಬ್ ಬ್ಯಾಕ್‌ಸ್ವಿಂಗ್ (ಹಿಂದಕ್ಕೆ ಎತ್ತುವ ಹಂತ) ಮುಗಿಯುವ ಮೊದಲೇ ಕೈಯಿಂದ ಕೆಳಗಿಳಿಯಲು ಶುರುವಾಗುತ್ತದೆ, ಮಣಿಕಟ್ಟಿನ ಕೋನ ಬೇಗ ಬಿಚ್ಚಿಕೊಳ್ಳುತ್ತದೆ, ಚೆಂಡಿನ ಹತ್ತಿರ ಹೆಡ್ ಕೈಗಳನ್ನು ದಾಟಿ ಮುಂದೆ ಹೋಗಿರುತ್ತದೆ. ಡೈವಟ್ (ಕ್ಲಬ್ ನೆಲದ ಹುಲ್ಲು ಕಿತ್ತ ಗುರುತು) ಚೆಂಡಿನ ಹಿಂದೆ ಶುರುವಾಗಿದ್ದರೆ ಅಥವಾ ಡೈವಟ್ಟೇ ಇಲ್ಲದಿದ್ದರೆ ಇದೇ ಕಥೆ.

ಇದಕ್ಕೆ ಅಭ್ಯಾಸ: ಕಾಲುಗಳನ್ನು ಜೋಡಿಸಿ ನಿಂತು ಸೊಂಟದಿಂದ ಸೊಂಟಕ್ಕೆ ಅರ್ಧ ಸ್ವಿಂಗ್. ಆತುರಪಟ್ಟರೆ ಸಮತೋಲ ತಪ್ಪಿ ತಕ್ಷಣ ಗೊತ್ತಾಗುತ್ತದೆ. 20 ಚೆಂಡು ಹೀಗೆ, ಆಮೇಲೆ ಮುಕ್ಕಾಲು ಸ್ವಿಂಗ್ 20, ಪೂರ್ತಿ ಸ್ವಿಂಗ್ ಕೊನೆಗೆ ಹತ್ತೇ. ಹಿಂದಕ್ಕೆ ಹೋಗಲು ಮೂರು ಎಣಿಕೆ, ಕೆಳಗೆ ಬರಲು ಒಂದು. ನುರಿತ ಆಟಗಾರರ ಅನುಪಾತ ಹೆಚ್ಚುಕಮ್ಮಿ ಇದೇ. ನಿಧಾನ ಮಾಡಬೇಕಾದದ್ದು ಡೌನ್‌ಸ್ವಿಂಗ್ ಅಲ್ಲ, ಮೇಲಿಂದ ಕೆಳಗೆ ತಿರುಗುವ ಆ ಗಳಿಗೆ ಮಾತ್ರ. ಹಳೆಯ ಸ್ಟೀಲ್ ಕ್ಲಬ್ ಇನ್ನೂ ಮನೆಯಲ್ಲಿದ್ದರೆ ಒಂದೇ ಅಭ್ಯಾಸದಲ್ಲಿ ಎರಡನ್ನೂ ಬೆರೆಸಬೇಡಿ, ಕೈಗೆ ಗೊಂದಲ.

ಉತ್ತರ 3

ಗ್ರಿಪ್ ಹೊಸದು ಅಂದಿದ್ದೀರಿ, ಯಾರೂ ಅದನ್ನು ಗಮನಿಸಲಿಲ್ಲ. ಸ್ಟೀಲ್ ಐರನ್ ಶಾಫ್ಟ್‌ನ ಮೇಲ್ತುದಿಯ ವ್ಯಾಸ ಸಾಮಾನ್ಯವಾಗಿ 0.600 ಇಂಚು, ಕೆಲವು ಗ್ರಾಫೈಟ್ 0.580. 60ರ (0.600) ಕೋರ್, ಅಂದರೆ ಒಳರಂಧ್ರ, ಇರುವ ಗ್ರಿಪ್ ಅನ್ನು 58ರ (0.580) ಶಾಫ್ಟ್‌ಗೆ ಹಾಕಿದರೆ ಗ್ರಿಪ್ ಸಣ್ಣದಾಗುತ್ತದೆ, ಕೈಗಳು ಹೆಚ್ಚು ಓಡಾಡುತ್ತವೆ, ಮುಖ ಬೇಗ ಮುಚ್ಚುತ್ತದೆ. ಎಡಗೈಯ ಮಧ್ಯದ ಎರಡು ಬೆರಳುಗಳ ತುದಿ ಅಂಗೈಗೆ ಒತ್ತುತ್ತಿದ್ದರೆ ಗ್ರಿಪ್ ತೆಳು. ಒಳಗೆ ಎರಡು ಸುತ್ತು ಟೇಪ್ ಹೆಚ್ಚಿಗೆ ಹಾಕಿಸಿದರೆ ಸಾಕಾದೀತು.

ಉತ್ತರ 4

ಭಾರ ಹೆಚ್ಚಿಸಲು ಹೆಡ್‌ಗೆ ಅಂಟಿಸುವ ಲೆಡ್ (ಸೀಸದ) ಟೇಪ್ ಬಗ್ಗೆ. ಹೆಡ್‌ಗೆ 2 ಗ್ರಾಂ ಸೇರಿಸಿದರೆ ಸ್ವಿಂಗ್‌ವೇಟ್ ಒಂದು ಪಾಯಿಂಟ್ ಏರುತ್ತದೆ. ಅರ್ಧ ಇಂಚು ಅಗಲದ ಟೇಪ್ ಆದರೆ ಸುಮಾರು 4 ಇಂಚು ಉದ್ದ. ಕ್ಲಬ್ ಕತ್ತರಿಸಿದ ಮೇಲೆ ಹಳೆಯ ಅಂಕಿಗೇ ಬರಬೇಕೆಂದು 9 ಗ್ರಾಂ ಒಂದೇ ಸಲ ಅಂಟಿಸಬೇಡಿ. ಹಗುರ ಶಾಫ್ಟ್‌ಗೆ ಹಳೆಯ ಅಂಕಿಯೇ ಬೇಕೆಂಬ ನಿಯಮವಿಲ್ಲ, ಹೆಡ್ ಭಾರವಾದಷ್ಟೂ ಶಾಫ್ಟ್ ಇನ್ನೂ ಮೆದುವಾಗಿ ವರ್ತಿಸುತ್ತದೆ. 4 ಗ್ರಾಂನಿಂದ ಶುರುಮಾಡಿ, ಹೆಡ್ ಎಲ್ಲಿದೆ ಎಂಬ ಅರಿವು ಕೈಗೆ ಬರುವವರೆಗೆ ಒಂದೊಂದೇ ಪಟ್ಟಿ. ಜಾಗ ಹೆಡ್‌ನ ಹಿಂಬದಿ, ಮಧ್ಯದಲ್ಲಿ ಕೆಳಗೆ. ಶಾಫ್ಟ್‌ನೊಳಗೆ ತುರುಕುವ ಹಿತ್ತಾಳೆ ತೂಕಗಳು ನನಗೆ ಹಿಡಿಸುವುದಿಲ್ಲ, ಭಾರವೆಲ್ಲ ಹೀಲ್ ಕಡೆ ಸೇರುತ್ತದೆ. ಟೇಪ್‌ನ ಆಟವೆಲ್ಲ ರೌಂಡ್‌ಗೆ ಮೊದಲು ಮುಗಿಯಬೇಕು. ರೌಂಡ್ ನಡೆಯುವಾಗ ಬೇಕೆಂದೇ ಅಂಟಿಸಿದರೂ ಕಿತ್ತರೂ ಗಾಲ್ಫ್ ನಿಯಮ 4.1 ಅಡ್ಡ ಬರುತ್ತದೆ.

ಉತ್ತರ 5

ಕೆಲವರು ಚೆಂಡನ್ನು ಹಿಂದಿನ ಕಾಲಿನ ಕಡೆ ಸರಿಸಿದರೆ ಎತ್ತರ ಇಳಿಯುತ್ತದೆ ಅನ್ನುತ್ತಾರೆ. ಇಳಿಯುತ್ತದೆ, ನಿಜ. ಆದರೆ ಅದು ರೋಗ ಬಿಟ್ಟು ಜ್ವರಕ್ಕೆ ಮದ್ದು. ಕೈ ಮುಂದೆ ತಳ್ಳಿ ಹಿಡಿಯುವುದೂ ಅಷ್ಟೇ, ಮುಂದಂಚು ನೆಲ ಅಗೆಯುತ್ತದೆ.

ಶಾಫ್ಟ್ ಮೇಲಿನ R (ರೆಗ್ಯುಲರ್), S (ಸ್ಟಿಫ್) ಅಕ್ಷರಗಳನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಅವಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಮಾನದಂಡವಿಲ್ಲ. ಒಬ್ಬರ R ಇನ್ನೊಬ್ಬರ S ಇದ್ದೀತು. ನಿಮಿಷಕ್ಕೆ ಎಷ್ಟು ಕಂಪನ ಎಂದು ಅಳೆಯುವ ಯಂತ್ರ ಸಿಕ್ಕರೆ ಇಡೀ ಸೆಟ್ ಅಳೆಸಿ. ಒಂದು ಕ್ಲಬ್ ಮಾತ್ರ ಸಾಲು ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಡ್ರೈವರ್ (ಅತಿ ಉದ್ದದ ಕ್ಲಬ್) ಶಾಫ್ಟ್ ಬದಲಿಸುವವರಿಗೂ ಒಂದು ಮಾತು: ಹೆಡ್‌ಗೆ ಶಾಫ್ಟ್ ಸೇರಿಸುವ ಅಡಾಪ್ಟರ್‌ನ ಹಳೆಯ ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ. ಲಾಫ್ಟ್ ಏರಿಸಿದಾಗ ಮುಖ ಮುಚ್ಚುತ್ತದೆ, ಮತ್ತೆ ಶಾಫ್ಟ್‌ಗೆ ಬೈಗುಳ ಬೀಳುತ್ತದೆ.

ಉತ್ತರ 6

ದೂರದ ಲೆಕ್ಕ ಕೊನೆಗೆ ಮಾಡಿ, ಪೆಟ್ಟು ಮುಖದ ಮಧ್ಯಕ್ಕೆ ಬಂದ ಮೇಲೆ. ಪ್ರತಿ ಕ್ಲಬ್‌ಗೆ ಹತ್ತು ಚೆಂಡು, ತೀರಾ ಕೆಟ್ಟ ಎರಡನ್ನು ಬಿಟ್ಟು ಉಳಿದವುಗಳ ಕ್ಯಾರಿ (ಗಾಳಿಯಲ್ಲಿ ಹಾರಿದ ದೂರ) ಬರೆದುಕೊಳ್ಳಿ, ಉರುಳಿದ ದೂರ ಬೇಡ. ಮುಖಕ್ಕೆ ಪೌಡರ್ ಸಿಂಪಡಿಸಿ ಪೆಟ್ಟಿನ ಗುರುತು ನೋಡುವಾಗ ಲಾಂಚ್ ಮಾನಿಟರ್‌ನ (ಚೆಂಡಿನ ಹಾರಾಟ ಅಳೆಯುವ ಯಂತ್ರದ) ಸ್ಪಿನ್ ಅಂಕಿ ನಂಬಬೇಡಿ, ಪೌಡರ್ ಅದನ್ನು ಕೆಡಿಸುತ್ತದೆ. ಎತ್ತರ ಹೋದ ಮಾತ್ರಕ್ಕೆ ದೂರ ಕಳೆಯಿತು ಎಂದೂ ಅಲ್ಲ. ಕ್ಯಾರಿ ಅಷ್ಟೇ ಇದ್ದು ಚೆಂಡು ಕಡಿದಾಗಿ ಇಳಿದರೆ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಬೇಗ ನಿಲ್ಲುತ್ತದೆ, ಅದನ್ನು ತಿದ್ದಲು ಹೋಗಬೇಡಿ.

ಇನ್ನೊಂದು, ಬ್ಯಾಗ್‌ನ ಉಳಿದ ಶಾಫ್ಟ್‌ಗಳ ತೂಕ ನೋಡಿ. ಹೈಬ್ರಿಡ್‌ನಲ್ಲಿ (ಐರನ್‌ಗಿಂತ ಉದ್ದದ ಕ್ಲಬ್) 85 ಗ್ರಾಂ ಇದ್ದು ಐರನ್ 80 ಆದರೆ ಕ್ರಮ ತಲೆಕೆಳಗು. ಉದ್ದ ಕ್ಲಬ್‌ನಿಂದ ಗಿಡ್ಡ ಕ್ಲಬ್‌ಗೆ ಬಂದಂತೆ ತೂಕ ಏರಬೇಕು, ಕನಿಷ್ಠ ಇಳಿಯಬಾರದು. ವೆಜ್‌ಗಳಲ್ಲಿ ಇನ್ನೂ 125 ಗ್ರಾಂ ಸ್ಟೀಲ್ ಉಳಿದಿದ್ದರೆ 9 ಐರನ್ ಕೆಳಗಿಟ್ಟು ವೆಜ್ ಹಿಡಿದಾಗ ಒಮ್ಮೆಲೇ 45 ಗ್ರಾಂ ಜಿಗಿತ. ಚಿಪ್ಪಿಂಗ್‌ಗೆ (ಗ್ರೀನ್ ಬಳಿಯ ಸಣ್ಣ ಹೊಡೆತಕ್ಕೆ) ಮಾತ್ರ ಬಳಸುವ ವೆಜ್ ಹಾಗೇ ಇರಲಿ, ಪೂರ್ತಿ ಸ್ವಿಂಗ್‌ಗೆ ಬಳಸುವ ಪಿಚಿಂಗ್ ವೆಜ್ ಮಾತ್ರ ಐರನ್‌ಗಳ ಗುಂಪಿಗೆ ಸೇರಿಸಿ.