ತೋಟದ ಕೆಲಸಕ್ಕೆ ಹಳೆಯ ಪಿಕಪ್ ಕೊಳ್ಳುವ ಮುನ್ನ: ಮಲೆನಾಡಿನ ಮಾಲೀಕರ ಅನುಭವಗಳು

ಕೇಳಿದವರು: ಹೊಸನಗರ ತಾಲ್ಲೂಕಿನ ಬೆಳೆಗಾರ

ನಾಲ್ಕು ಎಕರೆ ಅಡಿಕೆ ತೋಟವಿರುವ ನಾನು ಇಷ್ಟು ದಿನ ಗೊಬ್ಬರಕ್ಕೂ ಕೊಯ್ಲಿಗೂ ಬಾಡಿಗೆ ಗಾಡಿಯನ್ನೇ ನೆಚ್ಚಿಕೊಂಡಿದ್ದೆ. ಕೊಯ್ಲಿನ ಸಮಯದಲ್ಲಿ ಕರೆದಾಗ ಗಾಡಿ ಸಿಗುವುದಿಲ್ಲವಾದ್ದರಿಂದ ಸ್ವಂತಕ್ಕೊಂದು ಹಳೆಯ ಪಿಕಪ್ ಕೊಳ್ಳಬೇಕೆಂದಿದ್ದೇನೆ. ಶಿವಮೊಗ್ಗದಲ್ಲಿ 2018ರ ಮಾದರಿಯ ಗಾಡಿಯೊಂದಿದೆ. ಮೀಟರು 1,12,000 ಕಿ.ಮೀ. ತೋರಿಸುತ್ತದೆ, ಮಾರುವವರು ಎರಡನೆಯ ಮಾಲೀಕರು. ಮನೆಯಿಂದ ಡಾಂಬರು ರಸ್ತೆಗೆ ಒಂದೂವರೆ ಕಿ.ಮೀ. ಮಣ್ಣಿನ ಏರು ದಾರಿ. ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕೇ, ಹಳೆಯ ಹೊಗೆ ನಿಯಮದ ಬಿಎಸ್‌4 ಸಾಕೇ ಅಥವಾ ಹೊಸ ನಿಯಮದ ಬಿಎಸ್‌6 ಹುಡುಕಬೇಕೇ, ನೋಡಲು ಹೋದಾಗ ಮೊದಲು ಏನನ್ನು ನೋಡಬೇಕು ಎಂಬುದನ್ನು ಬಳಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ತೀರ್ಥಹಳ್ಳಿ ಕಡೆಯ ಬೆಳೆಗಾರ, ಎರಡು ಹಳೆಯ ಪಿಕಪ್ ಕೊಂಡವರು

ಎರಡು ಕೊಂಡು ಒಂದರಲ್ಲಿ ಮೋಸಹೋದವನು ನಾನು. ಮೋಸಹೋದದ್ದನ್ನೇ ಮೊದಲು ಹೇಳುತ್ತೇನೆ. ಆ ಗಾಡಿಯ ಎಂಜಿನ್ನಿನ ಸದ್ದಿನಲ್ಲಿ ಒಂದು ಕುಂದೂ ಇರಲಿಲ್ಲ, ಬಾಡಿಯ ಮೇಲೆ ಹೊಸ ಬಣ್ಣ ಬಂದಿತ್ತು, ಕೆಳಗೆ ಬಗ್ಗಿ ನೋಡಿದರೆ ಗಾಡಿಯ ಅಡಿಚೌಕಟ್ಟಾದ ಚಾಸಿಸ್ಸಿನ ತುಂಬ ಕಪ್ಪು ಪೇಂಟು ಮಿರಮಿರನೆ ಮಿಂಚುತ್ತಿತ್ತು. ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರೆಂದು ಸಂತೋಷಪಟ್ಟೇ ಮುಂಗಡ ಕೊಟ್ಟೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಆ ಪೇಂಟು ಹಪ್ಪಳದಂತೆ ಎದ್ದು ಬಂತು. ಹಿಂದಿನ ಕಮಾನು ಪ್ಲೇಟುಗಳನ್ನು, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳನ್ನು, ಚಾಸಿಸ್ಸಿಗೆ ಹಿಡಿದಿಡುವ ಬ್ರಾಕೆಟ್ಟಿನ ಬುಡದಲ್ಲಿ ಬೆರಳು ತೂರುವಷ್ಟು ತೂತು ಕಂಡಿತು. ಆಮೇಲೆ ವಿಚಾರಿಸಿದಾಗ ತಿಳಿಯಿತು, ನನ್ನ ಕೈಗೆ ಬರುವ ಮೊದಲು ಅದು ನಾಲ್ಕು ವರ್ಷ ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಮೀನು ತರುತ್ತಿದ್ದ ಗಾಡಿ. ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಸುರಿಯುವ ಉಪ್ಪುನೀರು ಹಿಂಬದಿಯ ತಗಡಿನ ಸಂದುಗಳಿಂದ ಇಳಿದು ಚಾಸಿಸ್ಸಿನ ಕೊಳವೆಯೊಳಗೆ ನಿಲ್ಲುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಒಳಗಿನ ಉಪ್ಪು ಹೋಗುವುದಿಲ್ಲ.

ಆದ್ದರಿಂದ ಗಾಡಿ ಎಷ್ಟು ಓಡಿದೆ ಎಂದು ಕೇಳುವುದಕ್ಕಿಂತ ಏನನ್ನು ಹೊತ್ತು ಓಡಿದೆ ಎಂದು ಕೇಳುವುದು ಒಳ್ಳೆಯದು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸು ಬದಲಾಯಿಸಬಹುದು. ತುಕ್ಕು ಹಿಡಿದ ಚಾಸಿಸ್ಸಿಗೆ ವೆಲ್ಡಿಂಗ್ ಮಾಡಿಸುತ್ತ ಹೋದರೆ ಕೊನೆಗೆ ಉಳಿಯುವುದು ವೆಲ್ಡಿಂಗ್ ಮಾತ್ರ. ನೋಡಲು ಹೋಗುವಾಗ ಒಂದು ಸಣ್ಣ ಸುತ್ತಿಗೆಯನ್ನೂ ಟಾರ್ಚನ್ನೂ ಒಯ್ಯಿರಿ. ಕಮಾನು ಪ್ಲೇಟಿನ ಬ್ರಾಕೆಟ್ಟು, ಕ್ಯಾಬಿನ್ನನ್ನೂ ಹಿಂಬದಿಯ ಬಾಡಿಯನ್ನೂ ಕೂರಿಸಿದ ಬೋಲ್ಟುಗಳ ಸುತ್ತಲಿನ ಜಾಗ, ಹಿಂದಿನ ಚಕ್ರದ ಮೇಲೆ ಚಾಸಿಸ್ಸು ಬಾಗುವ ಜಾಗ, ಇವುಗಳನ್ನು ಮೆಲ್ಲಗೆ ಬಡಿದು ನೋಡಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ಟೊಳ್ಳಾದದ್ದು ಒಡಕು ಮಡಕೆಯ ಸದ್ದು ಕೊಡುತ್ತದೆ. ಹಳೆಯ ಗಾಡಿಯ ಕೆಳಭಾಗದಲ್ಲಿ ಕೆಂಪು ಮಣ್ಣೂ ಸ್ವಲ್ಪ ಮೇಲ್ತುಕ್ಕೂ ಕಂಡರೆ ಹೆದರಬೇಕಾಗಿಲ್ಲ. ಹೊಸ ಕಪ್ಪು ಪೇಂಟು ಕಂಡರೆ ಮಾತ್ರ ಎರಡು ಸಲ ಯೋಚಿಸಿ. ಕ್ಯಾಬಿನ್ನಿನ ರಬ್ಬರ್ ಹಾಸನ್ನು ಎತ್ತಿ ನೆಲ ನೋಡುವುದನ್ನೂ, ಸಂಕೋಚಪಡದೆ ಹಿಂಬದಿಯನ್ನು ಮೂಸಿ ನೋಡುವುದನ್ನೂ ಮರೆಯಬೇಡಿ. ಮೀನಿನ ವಾಸನೆ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ.

ಎರಡನೆಯ ಗಾಡಿ ತರಕಾರಿ ಸಾಗಿಸುತ್ತಿದ್ದದ್ದು. ಮೀಟರಿನಲ್ಲಿ ಮೊದಲನೆಯದಕ್ಕಿಂತ ಎಪ್ಪತ್ತು ಸಾವಿರ ಕಿ.ಮೀ. ಹೆಚ್ಚೇ ಇತ್ತು. ಇಂದಿಗೂ ಅದೇ ಓಡುತ್ತಿದೆ.

ಸಾಗರದಲ್ಲಿ ಗ್ಯಾರೇಜು ನಡೆಸುವವರು

ಮೇಲಿನವರು ಹೇಳಿದ ಮಾತಿಗೆ ಒಂದನ್ನು ಸೇರಿಸುತ್ತೇನೆ. ಉಪ್ಪಿನಷ್ಟೇ ಕೆಡುಕನ್ನು ನಮ್ಮ ಬೋರ್ಡೋ ದ್ರಾವಣವೂ ಮಾಡುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ದ್ರಾವಣದ ಡ್ರಮ್ಮುಗಳನ್ನು ಪಿಕಪ್ಪಿನಲ್ಲೇ ಇಟ್ಟುಕೊಂಡು ತೋಟದಿಂದ ತೋಟಕ್ಕೆ ಹೋಗುವವರು ಬಹಳ ಮಂದಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಸುಣ್ಣ ಕಡಿಮೆಯಾದರೆ ದ್ರಾವಣ ಹುಳಿಯಾಗಿಯೇ ಉಳಿಯುತ್ತದೆ. ಹಾಗಾಗಿದೆಯೇ ಎಂದು ತಿಳಿಯಲು ಕಬ್ಬಿಣದ ಕತ್ತಿಯನ್ನು ಅದ್ದಿ, ತಾಮ್ರದ ಬಣ್ಣ ಹತ್ತುತ್ತದೆಯೇ ಎಂದು ನೋಡುತ್ತಾರಲ್ಲವೇ, ಕತ್ತಿಗೆ ಆಗುವುದೇ ಹಿಂಬದಿಯ ತಗಡಿಗೂ ಆಗುತ್ತದೆ: ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಬಾಡಿಯ ಮೂಲೆಗಳಲ್ಲಿ ನೀಲಿ ಹಸಿರು ಕಲೆಯಿದ್ದರೆ ಅಲ್ಲಿ ಕೆರೆದು ನೋಡಿ. ನೀವು ಕೊಂಡ ಮೇಲೂ ಡ್ರಮ್ಮಿನ ಕೆಳಗೆ ದಪ್ಪನೆಯ ರಬ್ಬರ್ ಹಾಸು ಹಾಕಿ, ಸಂಜೆ ನೀರು ಹೊಡೆದು ತೊಳೆಯುವ ರೂಢಿ ಇಟ್ಟುಕೊಳ್ಳಿ.

ಇನ್ನು ಎಂಜಿನ್. ನೀವು ಬರುತ್ತೀರೆಂದು ಗೊತ್ತಾದ ಕೂಡಲೇ ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿಮಾಡಿ ಇಡುವವರಿದ್ದಾರೆ. ಬಿಸಿ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಡಿ, ತಣ್ಣಗಿದ್ದರೆ ಮಾತ್ರ ಮುಂದುವರಿಯಿರಿ. ಸ್ಟಾರ್ಟ್ ಮಾಡಿದಾಗ ಬರುವ ಹೊಗೆಯಲ್ಲಿ ನೀಲಿ ಬಣ್ಣವಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಂಪಾಗಿಸುವ ಕೂಲಂಟ್ ಒಳಗೆ ಸೇರುತ್ತಿರಬಹುದು. ಏರಿನಲ್ಲಿ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರನ್ನೋ ಟರ್ಬೊವನ್ನೋ ಏರ್ ಫಿಲ್ಟರನ್ನೋ ನೋಡಬೇಕು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ನೋಡಿ. ಸ್ವಲ್ಪ ಹಬೆ ಸಹಜ. ಮುಚ್ಚಳ ಕುಣಿಯುವಷ್ಟು ಹೊಗೆ ನುಗ್ಗಿ ಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ, ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮುಚ್ಚಳದ ಒಳಬದಿಯಲ್ಲಿ ಹಾಲು ಹಾಕಿದ ಚಹಾದ ಬಣ್ಣದ ಕೆಸರಿದ್ದರೆ ಆಯಿಲ್ಲಿಗೆ ನೀರು ಬೆರೆತಿದೆ. ಅಂಥ ಗಾಡಿಯ ಬಳಿ ಚೌಕಾಸಿಗೂ ನಿಲ್ಲಬೇಡಿ.

ಕ್ಲಚ್ಚಿನ ಪರೀಕ್ಷೆ ನಮ್ಮ ಊರಲ್ಲಿ ಸುಲಭ. ಖಾಲಿ ಮೈದಾನದಲ್ಲಿ ಓಡಿಸಿ ನೋಡಿ ಒಪ್ಪಬೇಡಿ. ಒಂದು ಟನ್ನಿನಷ್ಟಾದರೂ ಹೇರಿಸಿ, ಏರಿನ ಮಧ್ಯೆ ನಿಲ್ಲಿಸಿ, ಮತ್ತೆ ಎಬ್ಬಿಸಿ. ಎಂಜಿನ್ ಕೂಗುತ್ತ ಗಾಡಿ ಏರದಿದ್ದರೆ, ಸುಟ್ಟ ವಾಸನೆ ಬಂದರೆ ಕ್ಲಚ್ಚು ಮುಗಿದಿದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಸ್ಟಿಯರಿಂಗು ಒಂದೇ ಕಡೆಗೆ ಎಳೆಯುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಕಮಾನು ಪ್ಲೇಟುಗಳನ್ನು ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿಗೆ ಸೇರಿಸಿದ್ದರೆ ಆ ಗಾಡಿ ಜಂಬಿಟ್ಟಿಗೆ ಕಲ್ಲನ್ನೋ ಮರಳನ್ನೋ ಹೊತ್ತಿದೆ. ಒಂದು ಕಲ್ಲಿಗೆ 30 ಕಿಲೋ ಎಂದಿಟ್ಟುಕೊಂಡರೂ ಅರವತ್ತು ಕಲ್ಲಿಗೆ 1,800 ಕಿಲೋ ಆಯಿತು. ಅರವತ್ತಕ್ಕೆ ನಿಲ್ಲಿಸುವವರನ್ನು ನಾನು ಹೆಚ್ಚು ಕಂಡಿಲ್ಲ.

ತುಮರಿ ಕಡೆಯ ಮಾಲೀಕರು

ನಮ್ಮದು ಶರಾವತಿ ಹೊಳೆಯಾಚೆಯ ಊರು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಹೊಳೆ ದಾಟಿಸುವ ಲಾಂಚಿನ ಸರದಿಗೆ ಕಾದೇ ಸಾಗರಕ್ಕೆ ಹೋಗಬೇಕಿತ್ತು. ಹಾಗಾಗಿ ಒಂದು ಬೇರಿಂಗು ಹೋದರೂ ದಿನವೊಂದು ಹೋದಂತೆಯೇ ಆಗುತ್ತಿತ್ತು. ಆ ಅನುಭವದಿಂದ ಹೇಳುವುದಾದರೆ, ಯಾವ ಮಾದರಿ ಹೆಚ್ಚು ಗಟ್ಟಿ ಎಂಬ ಚರ್ಚೆಗಿಂತ ಯಾವುದರ ಬಿಡಿಭಾಗ ನಿಮ್ಮ ಪೇಟೆಯಲ್ಲಿ ಅಂದೇ ಸಿಗುತ್ತದೆ ಎಂಬುದನ್ನು ನೋಡಿ. ಬೊಲೆರೊ ಪಿಕಪ್ ನಮ್ಮ ಕಡೆ ಇಷ್ಟೊಂದು ಕಾಣುವುದಕ್ಕೆ ಅದೂ ಒಂದು ಕಾರಣ. ಸಣ್ಣ ಊರಿನ ಮೆಕ್ಯಾನಿಕ್ಕಿಗೂ ಅದರ ಮೈ ಪರಿಚಯವಿದೆ. ಕೊಳ್ಳುವ ಮುನ್ನ ಹೊಸನಗರದ ಬಿಡಿಭಾಗದ ಅಂಗಡಿಗೆ ಹೋಗಿ ಆ ಮಾದರಿಯ ಕ್ಲಚ್ ಪ್ಲೇಟು, ಚಕ್ರದ ಬೇರಿಂಗು, ಡೀಸೆಲ್ ಫಿಲ್ಟರು ಇವೆಯೇ ಎಂದು ಕೇಳಿ ಬನ್ನಿ.

ಕೊಪ್ಪದ ಕಾಫಿ ಬೆಳೆಗಾರ

ನಾಲ್ಕೂ ಚಕ್ರ ಎಳೆಯುವ ಗಾಡಿಯ ಬಗ್ಗೆ ಯಾರೂ ಬರೆಯಲಿಲ್ಲ. ನನ್ನಲ್ಲಿ ಅಂಥದ್ದೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಿಲ್ಲದೆ ನನ್ನ ತೋಟ ತಲುಪಲಾಗುವುದಿಲ್ಲ. ಪಿಕಪ್ಪು ಖಾಲಿಯಿದ್ದಾಗ ಹಿಂಬದಿ ಹಗುರ, ಎಳೆಯುವ ಚಕ್ರಗಳೂ ಹಿಂದಿನವೇ. ಆದ್ದರಿಂದ ಹೇರಿದ ಗಾಡಿ ಹತ್ತಿದ ಏರನ್ನು ಖಾಲಿ ಗಾಡಿ ಹತ್ತಲಾರದೆ ಕೆಸರಿನಲ್ಲಿ ಚಕ್ರ ತಿರುಗಿಸುತ್ತ ನಿಲ್ಲುತ್ತದೆ. ಹಳೆಯದನ್ನು ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಮಣ್ಣಿನ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರದ ಹೈ (ವೇಗದ), ಲೋ (ನಿಧಾನದ) ಗೇರುಗಳೆರಡನ್ನೂ ಹಾಕಿಸಿ, ಮುಂದಿನ ಚಕ್ರಗಳು ನಿಜವಾಗಿ ಎಳೆಯುತ್ತವೆಯೇ ನೋಡಿ. ವರ್ಷಗಟ್ಟಲೆ ಮುಟ್ಟದ ಲಿವರು ಜಡ್ಡುಗಟ್ಟಿರುತ್ತದೆ. ಇದಕ್ಕೆ ವಿರುದ್ಧವಾಗಿ, ಒಣ ಡಾಂಬರಿನ ಮೇಲೂ ಅದನ್ನು ಹಾಕಿಕೊಂಡೇ ಓಡಿಸಿದ ಮಹನೀಯರಿದ್ದಾರೆ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕಾದ್ದರಿಂದ ಅಲ್ಲಿ ಒತ್ತಡವೆಲ್ಲ ಎರಡೂ ಕಡೆಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬಿದ್ದು ಅದು ಬೇಗ ಸವೆಯುತ್ತದೆ.

ಹೊಸನಗರದ ಇನ್ನೊಬ್ಬರು

ಕೊಪ್ಪದವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದೂವರೆ ಕಿ.ಮೀ. ದಾರಿಗಾಗಿ ವರ್ಷವಿಡೀ ಹೆಚ್ಚಿನ ಡೀಸೆಲ್ಲು, ಹೆಚ್ಚಿನ ಬಿಡಿಭಾಗಗಳ ಖರ್ಚನ್ನು ಏಕೆ ಹೊರಬೇಕು? ನಾನು ಏರಿನ ಎರಡು ಕಡೆ ಜಲ್ಲಿ ಹಾಕಿಸಿ, ಪಕ್ಕದಲ್ಲಿ ಚರಂಡಿ ಬಿಡಿಸಿದೆ. ಮಳೆಗಾಲದಲ್ಲಿ ಹಿಂದಿನ ಆಕ್ಸಲಿನ ಮೇಲೆ ಬರುವಂತೆ ಐದಾರು ಮೂಟೆ ಮರಳು ಕಟ್ಟಿಟ್ಟುಕೊಳ್ಳುತ್ತೇನೆ, ಹಿಂದಿನ ಟೈರಿನ ಹಲ್ಲು ಆಳವಿರುವಂತೆ ನೋಡಿಕೊಳ್ಳುತ್ತೇನೆ. ಆರು ಮಳೆಗಾಲದಲ್ಲಿ ಎರಡು ಸಲ ಟ್ರ್ಯಾಕ್ಟರ್ ಕರೆಸಿದ್ದೇನೆ, ಅಷ್ಟೇ. ಟೈರಿನ ಮಾತು ಬಂತಾದ್ದರಿಂದ ಹೇಳುತ್ತೇನೆ, ಅದರ ಬದಿಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರದ್ದು. ಹಲ್ಲು ಎಷ್ಟೇ ಇರಲಿ, ಅಷ್ಟು ಹಳೆಯ ರಬ್ಬರನ್ನು ನಂಬಿ ಘಾಟಿ ಇಳಿಯಲಾಗದು.

ಸೊರಬದ ಕಡೆಯ ಬಿಎಸ್‌6 ಮಾಲೀಕರು

2020ರ ಏಪ್ರಿಲ್ ನಂತರ ಬಂದವೆಲ್ಲ ಬಿಎಸ್‌6. ನನ್ನದರಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಇದೆ. ಅದು ಮಸಿಯನ್ನು ಸುಟ್ಟು ಶುದ್ಧವಾಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ತೋಟದಿಂದ ಅಂಗಳಕ್ಕೆ, ಅಂಗಳದಿಂದ ಸೊಸೈಟಿಗೆ ಎಂದು ಎರಡೆರಡು ಕಿ.ಮೀ. ಓಡುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಡಿಪಿಎಫ್ ತುಂಬಿದೆ ಎಂಬ ಎಚ್ಚರಿಕೆಯ ದೀಪ ಹೊತ್ತಿಕೊಂಡಾಗಲೆಲ್ಲ ನಾನು ಕೆಲಸವಿಲ್ಲದಿದ್ದರೂ ಶಿಕಾರಿಪುರದವರೆಗೆ ಹೋಗಿ ಬರುತ್ತೇನೆ. ಮನೆಯವರು ನಗುತ್ತಾರೆ. ನಿಮ್ಮ ಓಡಾಟವೂ ಹೀಗೆಯೇ ಇದ್ದರೆ 2018ರ ಬಿಎಸ್‌4 ಸಾಕು.

ಶಿವಮೊಗ್ಗದಿಂದ, ಸರಕು ಸಾಗಣೆಯ ವ್ಯವಹಾರದಲ್ಲಿರುವವರು

ಎಲ್ಲರೂ ಕಬ್ಬಿಣವನ್ನು ನೋಡಿದರು, ಕಾಗದವನ್ನು ಯಾರೂ ನೋಡಲಿಲ್ಲ. ನಾನು ಒಮ್ಮೆ ಕೊಂಡ ಗಾಡಿಯ ಮೇಲೆ ಹಳೆಯ ಸಾಲದ ನಮೂದು ಹಾಗೇ ಉಳಿದಿತ್ತು; ಮಾರಿದವರು ಕಂತು ತೀರಿದೆ ಎಂದರು, ತೀರಿದ್ದೂ ನಿಜ, ಆದರೆ ಸಾಲ ಕೊಟ್ಟವರಿಂದ ಪತ್ರ ಪಡೆದಿರಲಿಲ್ಲ. ಆ ಒಂದು ಕಾಗದಕ್ಕಾಗಿ ಏಳು ತಿಂಗಳು ಅಲೆದೆ. ಗಾಡಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಫೈನಾನ್ಸಿನ ಹೆಸರಿದ್ದರೆ, ಅವರ ಆಕ್ಷೇಪವಿಲ್ಲವೆಂಬ ಪತ್ರ ಎನ್‌ಒಸಿಯನ್ನೂ ಸಾಲದ ನಮೂದು ತೆಗೆಸುವ, ಸಹಿಯಾದ ಫಾರಂ 35ನ್ನೂ ಕೈಯಲ್ಲಿ ಹಿಡಿದ ಮೇಲೆಯೇ ಹಣ ಕೊಡಿ. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ತೆರಿಗೆ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ), ವಿಮೆಯ ಅವಧಿಯನ್ನೂ ಬಾಕಿ ದಂಡವನ್ನೂ ನೋಡಬಹುದು. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕು. 2018ರ ಗಾಡಿ ಆ ಗಡಿಗೆ ಬಂದಿರುವುದರಿಂದ ಬೆಲೆ ಮಾತಾಡುವಾಗ ಅದು ನಿಮ್ಮ ನೆನಪಿನಲ್ಲಿರಲಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಿಂದಿನವರ ನೋ ಕ್ಲೇಮ್ ಬೋನಸ್ (ವಿಮೆಯ ಪರಿಹಾರ ಕೇಳದಿದ್ದವರಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಚಾರವಿದೆ. ಕಳ್ಳ ಮರಳು, ಮರಮುಟ್ಟು ಸಾಗಿಸಿ ಸಿಕ್ಕಿಬಿದ್ದು, ಬಾಂಡಿನ ಮೇಲೆ ಬಿಡಿಸಿಕೊಂಡು ಬಂದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಅರಣ್ಯ ಕಾಯ್ದೆಯ ಪ್ರಕರಣದಲ್ಲಿ ವಾಹನವನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ, ಆಗ ಕೊಂಡವನ ಪಾಡು ಯಾರಿಗೂ ಬೇಡ. ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಮಾಲೀಕರ ಊರಿಗೇ ಹೋಗಿ ನಾಲ್ಕು ಜನರನ್ನು ಕೇಳಿ.

ಆರ್‌ಸಿಯ ಒಟ್ಟು ತೂಕದಲ್ಲಿ ಖಾಲಿ ತೂಕವನ್ನು ಕಳೆದರೆ ಬರುವುದೇ ನೀವು ಹೇರಬಹುದಾದ ಭಾರ. ಮೀರಿದರೆ ದಂಡ 20,000 ರೂಪಾಯಿಯಿಂದ ಶುರುವಾಗಿ ಹೆಚ್ಚುವರಿ ಟನ್ನಿಗೆ 2,000ದಂತೆ ಏರುತ್ತದೆ. ಒಟ್ಟು ತೂಕ 3,000 ಕಿಲೋ ಮೀರದಿದ್ದರೆ ಪರ್ಮಿಟ್ ಬೇಡ. ನಿಮ್ಮಲ್ಲಿ ಕಾರಿನ ಲೈಸೆನ್ಸ್ ಇದ್ದರೆ ಸಾಕು. 7,500 ಕಿಲೋ ಒಟ್ಟು ತೂಕದವರೆಗಿನ ಸರಕು ವಾಹನವನ್ನು ಅದರಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ.

ಕೇಳಿದವರು, ನಾಲ್ಕು ದಿನದ ನಂತರ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸುತ್ತಿಗೆ, ಟಾರ್ಚು ಹಿಡಿದೇ ಹೋಗಿದ್ದೆ. ಬ್ರಾಕೆಟ್ಟುಗಳೆಲ್ಲ ಠಣ್ಣೆಂದವು, ಮೀನಿನ ವಾಸನೆಯಿಲ್ಲ, ಹಿಂಬದಿಯ ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಹಸಿರು ಕಲೆಯಿದೆ. ಕಮಾನು ಪ್ಲೇಟು ಒಂದು ಹೆಚ್ಚಿಗೆ ಇದ್ದಂತಿದೆ. ಕೇಳಿದ್ದಕ್ಕೆ ಮನೆ ಕಟ್ಟುವಾಗ ಕಲ್ಲು ತಂದಿದ್ದೆವು ಎಂದರು. ಆರ್‌ಸಿಯಲ್ಲಿ ಸಾಲದ ನಮೂದಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೇ ಹೋಗಿದ್ದರೂ ಬಾನೆಟ್ಟು ಆಗಲೇ ಬೆಚ್ಚಗಿತ್ತು. ನಾನೇನೂ ಮಾತಾಡದೆ ಚಹಾ ಕುಡಿದು ಬಂದೆ. ಭಾನುವಾರ ಹೇಳದೆ ಕೇಳದೆ, ಸಾಗರದ ಮೆಕ್ಯಾನಿಕ್ಕೊಬ್ಬರನ್ನು ಜೊತೆಗೆ ಕರೆದುಕೊಂಡು, ಆರು ಗಂಟೆಗೇ ಅವರ ಗೇಟಿನ ಮುಂದೆ ನಿಲ್ಲುತ್ತೇನೆ.